ಭವಿಷ್ಯ ಹೇಳುವ ತಾಣಗಳನ್ನು ನಾನು ಹಳೇ ಪುಟದಿಂದ ಓದುತ್ತೇನೆ

ಮುಂದೆ ಯಾವ ತಂತ್ರಜ್ಞಾನ ಬರುತ್ತದೆ ಅಂತ ಹೇಳುವ, ಫ್ಯೂಚರಿಸ್ಟ್ ವೆಬ್‌ಸೈಟ್ ಅಂತ ಹೆಸರಿಟ್ಟುಕೊಂಡ ತಾಣ ಯಾವುದಾದರೂ ಸಿಕ್ಕರೆ ನಾನು ಮೊದಲು ಅದರ ಇವತ್ತಿನ ಪುಟ ನೋಡುವುದಿಲ್ಲ. ಹಳೇ ವೆಬ್ ಪುಟಗಳನ್ನು ಕೂಡಿಡುವ ವೇಬ್ಯಾಕ್ ಮಷಿನ್‌ ತಾಣಕ್ಕೆ ಹೋಗಿ ಏಳೆಂಟು ವರ್ಷ ಹಿಂದಿನ ಪುಟ ತೆಗೆಯುತ್ತೇನೆ. ಅಲ್ಲಿ ಹೇಳಿದ್ದ ಭವಿಷ್ಯ ಈಗಾಗಲೇ ಬಂದು ಹೋಗಿರುತ್ತದೆ. ತಾಳೆ ನೋಡುವುದು ಸುಲಭ.

ಕನ್ನಡದಲ್ಲಿ ತಂತ್ರಜ್ಞಾನದ ಬಗ್ಗೆ ಬರೆಯುವುದು ನನ್ನ ಕೆಲಸ. ‘2030ಕ್ಕೆ ಹೀಗಾಗುತ್ತಂತೆ, ಒಂದು ಲೇಖನ ಕೊಡಿ ಸಾರ್’ ಅಂತ ಪತ್ರಿಕೆಯವರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಇಟ್ಟುಕೊಂಡೆ. ಏನಾಗುತ್ತದೆ, ಯಾವಾಗ, ಆಯಿತು ಅಂತ ಹೇಗೆ ಗೊತ್ತಾಗುತ್ತದೆ, ಸದ್ಯಕ್ಕೆ ನಿಜವಾಗಿ ಆಗಿರುವುದೇನು. ಇಷ್ಟೇ ಕಾಲಂಗಳು.

ಬಹುಪಾಲು ಸುದ್ದಿಗಳು ‘ಯಾವಾಗ’ ಅನ್ನುವಲ್ಲೇ ಬಿದ್ದುಹೋಗುತ್ತವೆ. ‘ಶೀಘ್ರದಲ್ಲೇ’, ‘ಬದಲಾಯಿಸಬಹುದು’, ‘ಸಾಧ್ಯತೆ ಇದೆ’ ಇವುಗಳಿಗೆ ದಿನಾಂಕ ಎಲ್ಲಿಂದ ತರುವುದು? ಇಂಥದ್ದನ್ನು ನಾನು ಭವಿಷ್ಯ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಯಾವುದೋ ಕಂಪನಿಯ ಪತ್ರಿಕಾ ಪ್ರಕಟಣೆ, ಅಷ್ಟೇ. ಪಂಚಾಂಗದವರಾದರೂ ಗ್ರಹಣದ ಸ್ಪರ್ಶಕಾಲ, ಮೋಕ್ಷಕಾಲ ಬರೆದುಕೊಡುತ್ತಾರೆ, ಅಲ್ವಾ?

ಕೊನೆಯ ಕಾಲಂ ಎಷ್ಟು ಉಪಯೋಗ ಅನ್ನುವುದಕ್ಕೆ ಬೆಂಗಳೂರಿನ ಹೈಪರ್‌ಲೂಪ್, ಅಂದರೆ ಗಾಳಿ ತೆಗೆದ ಕೊಳವೆಯೊಳಗೆ ಓಡುವ ವಾಹನದ ಯೋಜನೆ, ಒಂದೇ ಸಾಕು. 2020ರ ಸೆಪ್ಟೆಂಬರ್‌ನಲ್ಲಿ ವರ್ಜಿನ್ ಹೈಪರ್‌ಲೂಪ್ ಮತ್ತು ಬೆಂಗಳೂರು ವಿಮಾನ ನಿಲ್ದಾಣದ ಸಂಸ್ಥೆ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಸುದ್ದಿಯಲ್ಲಿ ಎದ್ದು ಕಂಡದ್ದು ‘ನಿಲ್ದಾಣದಿಂದ ಊರೊಳಗೆ ಹತ್ತೇ ನಿಮಿಷ’ ಅನ್ನುವ ಮಾತು. ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಕೊಂಡವರಿಗೆ ಅದನ್ನು ಓದಿದರೆ ಆಸೆ ಆಗದೇ ಇರುತ್ತದಾ? ಆದರೆ ನಿಜವಾಗಿ ಆಗಿದ್ದೇನು? ಇದು ಆಗುತ್ತದೋ ಇಲ್ಲವೋ ಅಂತ ಅಧ್ಯಯನ ಮಾಡೋಣ ಅನ್ನುವ ಒಪ್ಪಂದ. ಅದೇ ನವೆಂಬರ್‌ನಲ್ಲಿ ಅಮೆರಿಕದ ನೆವಾಡಾದಲ್ಲಿ ಆ ಕಂಪನಿ ಮೊದಲ ಸಲ ಜನರನ್ನು ಕೂರಿಸಿ ಓಡಿಸಿತು. ಕೊಳವೆಯ ಉದ್ದ 500 ಮೀಟರ್, ವೇಗ ಗಂಟೆಗೆ ಸುಮಾರು 172 ಕಿಲೋಮೀಟರ್. ಸಾವಿರ ಕಿಲೋಮೀಟರ್ ವೇಗದ ಮಾತಾಡುತ್ತಿದ್ದವರ ಕೈಲಿದ್ದದ್ದು ಅಷ್ಟು. 2022ರಲ್ಲಿ ಪ್ರಯಾಣಿಕರನ್ನು ಬಿಟ್ಟು ಸರಕು ಸಾಗಣೆ ಅಂದರು. 2023ರ ಕೊನೆಗೆ ಕಂಪನಿಯೇ ಮುಚ್ಚಿತು. ಒಪ್ಪಂದದ ದಿನವೇ ಆ ಕಾಲಂ ತುಂಬಿಸಿದ್ದರೆ ‘ಅಧ್ಯಯನ’ ಅಂತ ಮಾತ್ರ ಬರೆಯಬಹುದಿತ್ತು.

ದಿನಾಂಕ ಕೊಟ್ಟು ತಪ್ಪಾದವರ ಮೇಲೆ ನನಗೆ ಗೌರವ ಜಾಸ್ತಿ. ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಕಂಪ್ಯೂಟರ್ ಅವರಿಗಿಂತ ಚೆನ್ನಾಗಿ ನೋಡುತ್ತದೆ, ಹೆಚ್ಚೆಂದರೆ ಹತ್ತು ಅಂತ 2016ರಲ್ಲಿ ಕೃತಕ ಬುದ್ಧಿಮತ್ತೆಯ ವಿಜ್ಞಾನಿ ಜೆಫ್ರಿ ಹಿಂಟನ್ ಹೇಳಿದ್ದರು. ಎಕ್ಸ್‌ರೇ, ಸ್ಕ್ಯಾನ್ ನೋಡುವ ಡಾಕ್ಟರುಗಳಿಗೆ ಇವತ್ತಿಗೂ ಕೆಲಸ ತುಂಬಾ ಇದೆ. ಆದರೆ ಹಿಂಟನ್ ಮಾತನ್ನು ಹಿಡಿದು ಪರೀಕ್ಷಿಸಬಹುದಿತ್ತು.

ಪರೀಕ್ಷೆ ಯಾರು ಮಾಡುತ್ತಾರೆ ಅನ್ನುವುದೂ ಮುಖ್ಯ. ಅಮೆರಿಕದ ಸಂಶೋಧಕ, ಭವಿಷ್ಯದ ಬಗ್ಗೆ ಬರೆಯುವ ರೇ ಕರ್ಜ್‌ವೈಲ್ 2009ರ ಬಗ್ಗೆ ಹತ್ತು ವರ್ಷ ಮುಂಚೆ ಹೇಳಿದ್ದ 147 ಮಾತುಗಳಿಗೆ 2010ರಲ್ಲಿ ತಾವೇ ಅಂಕ ಹಾಕಿಕೊಂಡರು. ಶೇ 86 ಸರಿ ಅಂದರು. ಹೊರಗಿನವರು ಅದೇ ಕಾಲದ ಮಾತುಗಳನ್ನು ನೋಡಿದಾಗ ಸರಿ ಅನ್ನಿಸಿದ್ದು ಅರ್ಧಕ್ಕಿಂತ ಕಡಿಮೆ. ಹಾಗಂತ ಕರ್ಜ್‌ವೈಲ್‌ರನ್ನು ಗೇಲಿ ಮಾಡಲ್ಲ. ತಿರುಗಿ ನೋಡುವ ಧೈರ್ಯ ಬೇರೆ ಎಷ್ಟು ಜನಕ್ಕಿದೆ?

ಬಿಟ್ಟುಹೋದದ್ದನ್ನೂ ನೋಡಬೇಕು. ಸೌರಶಕ್ತಿ ಅಂದರೆ ಈ ತಾಣಗಳಿಗೆ ಸೋಲಾರ್ ಪ್ಯಾನಲ್ ಹಾಸಿದ ರಸ್ತೆ. ಫ್ರಾನ್ಸಿನ ನಾರ್ಮಂಡಿಯಲ್ಲಿ 2016ರ ಕೊನೆಗೆ ಅಂಥದ್ದೊಂದು ಕಿಲೋಮೀಟರ್ ರಸ್ತೆ ಮಾಡಿದರು. ಮೂರು ವರ್ಷ ತುಂಬುವುದರೊಳಗೆ ಕಿತ್ತುಬರತೊಡಗಿತು. ಅದೇ ಹೊತ್ತಿಗೆ ಮಾಮೂಲಿ ಪ್ಯಾನಲ್‌ಗಳ ಬೆಲೆ ಸುಮ್ನೆ ಇಳಿಯುತ್ತಾ ಹೋಯಿತು. ಪಾವಗಡದ ಒಣನೆಲದಲ್ಲಿ 2050 ಮೆಗಾವ್ಯಾಟ್‌ನ ಪಾರ್ಕ್ ಎದ್ದು ನಿಂತಿತು. ಬೆಲೆ ಇಳಿಯುವುದರ ಗ್ರಾಫ್‌ಗಿಂತ ಹೊಳೆಯುವ ರಸ್ತೆಯ ಫೋಟೋ ಚೆನ್ನಾಗಿ ಕಾಣುತ್ತದೆ, ಏನು ಮಾಡೋಣ.

ಹೆಸರಿಗೆ ತಕ್ಕ ಹಾಗೆ ಇರುವ ತಾಣಗಳೂ ಇವೆ. ನೋಡಲು ಮಾತ್ರ ಬಹಳ ಸಪ್ಪೆ. ಮೆಟಾಕ್ಯುಲಸ್‌ನಲ್ಲಿ ಪ್ರತಿ ಪ್ರಶ್ನೆಗೂ ಗಡುವು, ತೀರ್ಮಾನದ ನಿಯಮ ಎರಡೂ ಇರುತ್ತವೆ. ಹೌದು-ಇಲ್ಲ ಪ್ರಶ್ನೆಗಳಿಗೆ ಉತ್ತರವನ್ನು ಶೇಕಡಾದಲ್ಲಿ ಕೊಡಬೇಕು. ಇಂಥ ಅಂದಾಜಿಗೆ ಅಂಕ ಹಾಕಲು ನಾನು ಬ್ರಯರ್ ಸ್ಕೋರ್ ಬಳಸುತ್ತೇನೆ. 1950ರಲ್ಲಿ ಹವಾಮಾನ ಮುನ್ಸೂಚನೆಗಾಗಿ ಬಂದ ಲೆಕ್ಕ ಅದು. ಹೇಳಿದ್ದು ಆದರೆ 1, ಆಗದಿದ್ದರೆ 0 ಅಂತ ಹಿಡಿಯಬೇಕು. ಮಳೆ ಬರುವ ಸಾಧ್ಯತೆ ಶೇ 70, ಅಂದರೆ 0.7, ಅಂದಿದ್ದು ಮಳೆ ಬಂದರೆ ವ್ಯತ್ಯಾಸ 0.3, ಅದರ ವರ್ಗ 0.09. ಬರದಿದ್ದರೆ 0.49. ಎಲ್ಲದಕ್ಕೂ ಫಿಫ್ಟಿ-ಫಿಫ್ಟಿ ಅನ್ನುವವರಿಗೆ ಯಾವಾಗಲೂ 0.25. ಕಡಿಮೆ ಬಂದಷ್ಟೂ ಒಳ್ಳೆಯದು. ನನ್ನ ಅಂದಾಜುಗಳನ್ನೂ ಇದರಲ್ಲೇ ತೂಗುತ್ತೇನೆ.

ಇನ್ನೊಂದು ಲಾಂಗ್ ಬೆಟ್ಸ್. ಅಲ್ಲಿ ಹೆಸರು ಹಾಕಿ, ದುಡ್ಡು ಕಟ್ಟಿ ಬಾಜಿ ಆಡುತ್ತಾರೆ. ಗೆದ್ದ ದುಡ್ಡು ದಾನಕ್ಕೆ ಹೋಗುತ್ತದೆ. 2002ರ ಮೊದಲ ಬಾಜಿ ಇನ್ನೂ ಬಾಕಿ ಇದೆ. 2029ರ ಒಳಗೆ ಯಂತ್ರ ಟ್ಯೂರಿಂಗ್ ಪರೀಕ್ಷೆ ಪಾಸಾಗುತ್ತದೆ, ಅಂದರೆ ಮಾತಿನಲ್ಲಿ ಮನುಷ್ಯನೇ ಅನ್ನಿಸುತ್ತದೆ ಅಂತ ಕರ್ಜ್‌ವೈಲ್, ಆಗುವುದಿಲ್ಲ ಅಂತ ಸಾಫ್ಟ್‌ವೇರ್ ಉದ್ಯಮಿ ಮಿಚ್ ಕಪೋರ್. ಒಬ್ಬೊಬ್ಬರದೂ 10,000 ಡಾಲರ್. ಚಾಟ್‌ಬಾಟ್‌ಗಳನ್ನು ನೋಡಿ ಕರ್ಜ್‌ವೈಲ್ ಆಗಲೇ ಗೆದ್ದರು ಅಂತ ಹಲವರು ಹೇಳುತ್ತಾರೆ. ಆದರೆ ಬಾಜಿಯ ನಿಯಮ ಓದಿದರೆ ಐದು ನಿಮಿಷದ ಹರಟೆ ಸಾಲದು. ಮೂವರು ತೀರ್ಪುಗಾರರು ಒಬ್ಬೊಬ್ಬರೂ ಎರಡೆರಡು ಗಂಟೆ ಮಾತಾಡಿಸಬೇಕು. ನನ್ನ ಪಟ್ಟಿಯಲ್ಲಿ ಮೊದಲು ಕಪೋರ್ ಗೆಲ್ಲುವ ಸಾಧ್ಯತೆ ಶೇ 80 ಅಂತಿತ್ತು. ಈಗ ಅದನ್ನು ಶೇ 45ಕ್ಕೆ ಇಳಿಸಿದ್ದೇನೆ. ಹಳೇ ಅಂಕಿಯನ್ನು ಅಳಿಸಿಲ್ಲ, ತಾರೀಕಿನ ಸಮೇತ ಪಕ್ಕದಲ್ಲೇ ಇದೆ.