ಬೀಡಿನ ಕಾವಲಿ ಪಳಗಿಸಲು ಎಣ್ಣೆ ಎಷ್ಟು ಬೇಕು?

ಹೊಸ ಬೀಡಿನ, ಅಂದರೆ ಎರಕದ ಕಬ್ಬಿಣದ, ಕಾವಲಿ ಕೈಗೆ ಬಂದರೆ ನಾನು ಮೊದಲು ಅದನ್ನು ಮೂಸಿ ನೋಡುತ್ತೇನೆ. ಹೊಲಿಗೆ ಮೆಷಿನ್ನಿನ ಎಣ್ಣೆಯಂಥ ವಾಸನೆ ಬಂದರೆ, ತುಕ್ಕು ಹಿಡಿಯದಿರಲಿ ಅಂತ ಯಾರೋ ಮೆಷಿನ್ ಎಣ್ಣೆ ಬಳಿದಿದ್ದಾರೆ. ಆಮೇಲೆ ಒಂದು ಬಿಳಿ ಬಟ್ಟೆಯಲ್ಲಿ ಉಜ್ಜುತ್ತೇನೆ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಚಿಂತೆ ಇಲ್ಲ, ಬೀಡಿನೊಳಗಿನ ಗ್ರಾಫೈಟ್ ಅಷ್ಟೇ ಅದು. ಉಗುರಲ್ಲಿ ಕೆರೆದಾಗ ಕಪ್ಪು ಸಿಪ್ಪೆಯಂತೆ ಏಳುತ್ತಿದ್ದರೆ ಅದು ಬಣ್ಣ. ಅಂಥದ್ದನ್ನು ಅಂಗಡಿಗೆ ವಾಪಸ್ ಕೊಡುವುದೇ ವಾಸಿ.

ನಮ್ಮ ಮನೆ ಇರುವುದು ಸಾಗರದಲ್ಲಿ. ಕಾವಲಿ, ಪಡ್ಡಿನ ಹಂಚು, ಬಾಣಲೆ ಅಂತ ಅಕ್ಕಪಕ್ಕದವರ ಬೀಡಿನ ಸಾಮಾನೆಲ್ಲ ನನ್ನ ಹತ್ತಿರ ಬರುತ್ತವೆ. ಜೊತೆಗೆ ಒಂದೇ ದೂರು ಬರುತ್ತದೆ. "ಅಕ್ಕಾ, ಎಷ್ಟು ಎಣ್ಣೆ ಹಾಕಿದ್ರೂ ದೋಸೆ ಏಳ್ತಾನೇ ಇಲ್ಲ." ಬಹುಪಾಲು ಸಲ ಉತ್ತರ ಆ ಮಾತಿನಲ್ಲೇ ಇರುತ್ತದೆ. ಎಣ್ಣೆ ಜಾಸ್ತಿ ಆಗಿರುವುದೇ ಅಲ್ಲಿನ ತೊಂದರೆ.

ಪಳಗಿದ ಕಾವಲಿಯ ಮೇಲಿರುವ ಕರಿ ಹೊಳಪು ಎಣ್ಣೆಯಲ್ಲ. ಅದು ಎಣ್ಣೆಯಿಂದ ಹುಟ್ಟಿದ ಬೇರೆಯೇ ವಸ್ತು. ಎಣ್ಣೆಯ ಕೊಬ್ಬಿನ ಆಮ್ಲಗಳ ಉದ್ದನೆಯ ಸರಪಳಿಗಳಲ್ಲಿ ಕೆಲವು ಕಡೆ ಜೋಡಿ ಬಂಧಗಳಿರುತ್ತವೆ. ಬಿಸಿ ತಾಗಿ, ಗಾಳಿಯ ಆಮ್ಲಜನಕ ಸಿಕ್ಕಿದಾಗ ಈ ಜಾಗಗಳಲ್ಲಿ ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹೀಗೆ ಹೆಣೆದುಕೊಂಡು ಗಟ್ಟಿಯಾದದ್ದು ಪಾಲಿಮರ್. ಆಮೇಲೆ ಅದು ಹರಿಯುವುದಿಲ್ಲ, ಒರೆಸಿದರೆ ಹೋಗುವುದಿಲ್ಲ, ಬೀಡಿನ ಮೇಲಿನ ಸಣ್ಣ ಸಣ್ಣ ಕುಳಿಗಳಲ್ಲಿ ಕಚ್ಚಿಕೊಂಡು ಕೂರುತ್ತದೆ. ಬರೀ ಕಬ್ಬಿಣ ಸಿಕ್ಕರೆ ಹಿಟ್ಟಿನ ಪ್ರೋಟೀನು ಅದಕ್ಕೆ ಅಂಟುತ್ತದೆ. ನಡುವೆ ಈ ಪದರ ಇದ್ದರೆ ಅಂಟಲು ಜಾಗ ಸಿಗುವುದಿಲ್ಲ.

ಇದಕ್ಕೆ ಬಿಸಿ ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ಎಣ್ಣೆ ದಪ್ಪಗೆ ನಿಂತರೆ ಮೇಲ್ಭಾಗ ಮಾತ್ರ ಗಟ್ಟಿಯಾಗಿ, ಕೆಳಗೆ ಅರೆಬರೆ ಉಳಿಯುತ್ತದೆ. ಮುಟ್ಟಿದರೆ ಜೇನಿನ ಬಣ್ಣದ ಅಂಟು ಕೈಗೆ ಹತ್ತುತ್ತದೆ. ಒಲೆಯ ಮೇಲಿಟ್ಟರೆ ಅದೇ ಅಂಟು ದೋಸೆಯನ್ನು ಹಿಡಿದುಕೊಳ್ಳುತ್ತದೆ. ಅದನ್ನು ಬಿಡಿಸಲು ಇನ್ನೂ ಒಂದಿಷ್ಟು ಎಣ್ಣೆ ಸುರಿಯುತ್ತಾರೆ. ಮುಂದಿನದ್ದು ಹೇಳಬೇಕಾಗಿಲ್ಲ ಅಲ್ವಾ?

ನಾನು ಮಾಡುವ ಕ್ರಮ ಹೀಗೆ. ಹೊಸ ಕಾವಲಿಯನ್ನು ಬಿಸಿನೀರು, ಪಾತ್ರೆ ಸೋಪು, ತೆಂಗಿನ ನಾರು ಹಾಕಿ ಚೆನ್ನಾಗಿ ತಿಕ್ಕುತ್ತೇನೆ. ಮೆಷಿನ್ ಎಣ್ಣೆಯ ವಾಸನೆ ಪೂರ್ತಿ ಹೋಗಬೇಕು. ಗಂಜಿಯಲ್ಲೋ ಅಕ್ಕಿ ತೊಳೆದ ನೀರಲ್ಲೋ ನೆನೆಹಾಕುವ ಹಳೇ ಪದ್ಧತಿ ಗೊತ್ತಲ್ಲ, ಅದರಲ್ಲೂ ಅರ್ಥ ಇದೆ. ಗಂಜಿಯ ಪಿಷ್ಟ ಜಿಡ್ಡನ್ನು ಹಿಡಿದುಕೊಳ್ಳುತ್ತದೆ. ಹುಳಿ ಬಂದ ಗಂಜಿಯ ಆಮ್ಲ ತುಕ್ಕನ್ನು ಸಡಿಲಿಸುತ್ತದೆ. ಆದರೆ ದಿನಗಟ್ಟಲೆ ನೆನೆಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಒಂದು ಕಡೆ ತುಕ್ಕು ಬಿಡಿಸುತ್ತಾ ಇನ್ನೊಂದು ಕಡೆ ತುಕ್ಕು ಬೆಳೆಸಿದ ಹಾಗಾಗುತ್ತದೆ.

ತೊಳೆದ ಕೂಡಲೇ ಒರೆಸಿ, ಸಣ್ಣ ಉರಿಯಲ್ಲಿಟ್ಟು ನೀರಿನ ಪಸೆ ಹಾರಿಸಬೇಕು. ಕೈ ಇಟ್ಟರೆ ಬೆಚ್ಚಗೆ ಅನ್ನಿಸುವಾಗ ಇಳಿಸಿ, ಅರ್ಧ ಚಮಚಕ್ಕಿಂತಲೂ ಕಡಿಮೆ ಎಣ್ಣೆಯನ್ನು ಹಳೇ ಹತ್ತಿ ಬಟ್ಟೆಯಲ್ಲಿ ಎಲ್ಲ ಕಡೆ ಹಚ್ಚುತ್ತೇನೆ. ಅಡಿ, ಹಿಡಿ, ಅಂಚು, ಯಾವುದನ್ನೂ ಬಿಡುವುದಿಲ್ಲ. ಆಮೇಲೆ ಇನ್ನೊಂದು ಒಣ ಬಟ್ಟೆ ತಗೊಂಡು, ಎಣ್ಣೆ ಹಚ್ಚಿದ್ದೇ ತಪ್ಪಾಯ್ತು ಅನ್ನುವ ಹಾಗೆ ಪೂರ್ತಿ ಒರೆಸಿಬಿಡುತ್ತೇನೆ. ನೋಡಿದವರು "ಏನೂ ಉಳೀಲಿಲ್ಲವಲ್ಲ" ಅನ್ನುತ್ತಾರೆ. ಉಳಿದಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಂಕಾದ ಒಂದು ಹೊಳಪು ಕಾಣುತ್ತದೆ. ನಮಗೆ ಬೇಕಾದ ಅಳತೆ ಅಷ್ಟೇ. ಗೆರೆ ಕಂಡರೆ, ಹನಿ ಕಂಡರೆ ಮತ್ತೆ ಒರೆಸಿ.

ಓವನ್ ಇದ್ದವರು ಕಾವಲಿಯನ್ನು ಬೋರಲಾಗಿ ಇಟ್ಟು, 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಬಿಟ್ಟು, ಒಳಗೇ ಆರಲು ಬಿಡಬಹುದು. ನಮ್ಮಲ್ಲಿ ಬಚ್ಚಲ ಒಲೆ ಇದೆ. ಬೆಳಗ್ಗೆ ಎಲ್ಲರ ಸ್ನಾನ ಮುಗಿದು, ಜ್ವಾಲೆ ಇಳಿದು, ಬರೀ ಕೆಂಡ ಉಳಿದಾಗ, ಕಬ್ಬಿಣದ ಜಾಲರಿ ಇಟ್ಟು ಅದರ ಮೇಲೆ ಕಾವಲಿ ಬೋರಲು ಹಾಕುತ್ತೇನೆ. ಗ್ಯಾಸ್ ಒಲೆಗಿಂತ ಇದರಲ್ಲಿ ಬಿಸಿ ಹದವಾಗಿ ಹರಡುತ್ತದೆ. ಮೊದಲು ತೆಳ್ಳಗೆ ಹೊಗೆ ಏಳುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಹೊಗೆ ನಿಂತ ಮೇಲೂ ಒಂದಿಷ್ಟು ಹೊತ್ತು ಹಾಗೇ ಬಿಡಬೇಕು. ಆರಿದ ಮೇಲೆ ಮುಟ್ಟಿದರೆ ಒಣಗಿರಬೇಕು, ಜಾರಬಾರದು, ಅಂಟಬಾರದು. ಇದನ್ನೇ ಮೂರು ನಾಲ್ಕು ಸಲ ಮಾಡಿದರೆ ಕಂದು ಬಣ್ಣ ಬರುತ್ತದೆ. ಕಪ್ಪು ಬರುವುದು ದೋಸೆ ಹುಯ್ಯುತ್ತಾ ಹುಯ್ಯುತ್ತಾ.

ಗ್ಯಾಸ್ ಒಲೆ ಮಾತ್ರ ಇರುವವರು ಕಾವಲಿಯನ್ನು ಆಗಾಗ ಸರಿಸುತ್ತಾ ಇರಬೇಕು. ಬೀಡು ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಗಟ್ಟಿಗ, ಹಂಚುವುದರಲ್ಲಿ ಸೋಮಾರಿ. ಬಿಸಿ ಸಾಗಿಸುವುದರಲ್ಲಿ ಅಲ್ಯೂಮಿನಿಯಂ ಇದರ ನಾಲ್ಕು ಪಟ್ಟು ಚುರುಕು. ನಂಬಿಕೆ ಬಾರದಿದ್ದರೆ ಒಣ ಕಾವಲಿಯ ಮೇಲೆ ತೆಳ್ಳಗೆ ಅಕ್ಕಿ ಹಿಟ್ಟು ಉದುರಿಸಿ ದೊಡ್ಡ ಉರಿಯಲ್ಲಿ ಇಟ್ಟು ನೋಡಿ. ಬರ್ನರಿನ ಉಂಗುರ ಎಲ್ಲಿದೆಯೋ ಅಲ್ಲೇ ಹಿಟ್ಟು ಮೊದಲು ಕಂದಾಗುತ್ತದೆ. ಅಂಚಿನ ಹಿಟ್ಟು ಬೆಳ್ಳಗೇ ಇರುತ್ತದೆ. ದೋಸೆ ನಡುವೆ ಸೀದು ಅಂಚಲ್ಲಿ ಬೇಯದಿರುವ ಗುಟ್ಟೂ ಇದೇ. ಅದಕ್ಕೇ ನಾನು ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕಾಯಲು ಬಿಟ್ಟ ಮೇಲೇ ಮೊದಲ ಸೌಟು ಹಾಕುವುದು.

ಯಾವ ಎಣ್ಣೆ ಅನ್ನುವ ಪ್ರಶ್ನೆಗೆ ಒಂದು ಸಂಖ್ಯೆ ಸಹಾಯ ಮಾಡುತ್ತದೆ. ಎಣ್ಣೆಯಲ್ಲಿ ಜೋಡಿ ಬಂಧ ಎಷ್ಟಿದೆ ಅಂತ ಹೇಳುವ ಅಯೋಡಿನ್ ಮೌಲ್ಯ ಅದು. ತೆಂಗಿನೆಣ್ಣೆಗೆ ಅದು 6ರಿಂದ 11. ಶೇಂಗಾ ಎಣ್ಣೆಗೆ 100ರ ಆಸುಪಾಸು, ಎಳ್ಳೆಣ್ಣೆಗೆ ಅದಕ್ಕಿಂತ ಸ್ವಲ್ಪ ಮೇಲೆ, ಸೂರ್ಯಕಾಂತಿಗೆ ಸಾಮಾನ್ಯವಾಗಿ 120ರಿಂದ 140, ಅಗಸೆ ಎಣ್ಣೆಗೆ 170ಕ್ಕೂ ಮೇಲೆ. ಸಂಖ್ಯೆ ಹೆಚ್ಚಿದ್ದಷ್ಟೂ ಎಣ್ಣೆ ಬೇಗ ಗಟ್ಟಿಯಾಗುತ್ತದೆ. ಕ್ರಿಕೆಟ್ ಬ್ಯಾಟಿಗೆ, ಮರದ ಬಾಗಿಲಿಗೆ ಅಗಸೆ ಎಣ್ಣೆ ಹಚ್ಚುವುದು ಇದಕ್ಕೇ. ಒಲೆಯ ಹಂಗಿಲ್ಲದೆ ಬರೀ ಗಾಳಿಗೇ ಒಣಗುತ್ತದೆ. ಹಾಗಂತ ಕಾವಲಿಗೆ ಅದೇ ಒಳ್ಳೆಯದು ಅಂತ ಹಾರಬೇಡಿ. ಅಗಸೆಯ ಪದರ ನೋಡಲು ಗಾಜಿನ ಹಾಗಿದ್ದರೂ ಪೆಡಸು. ಕಾದು ಆರಿ, ಕಾದು ಆರಿ, ಚಕ್ಕೆ ಚಕ್ಕೆಯಾಗಿ ಏಳುತ್ತದೆ. ನನ್ನ ಕೈಯಲ್ಲಿ ಬಾಳಿಕೆ ಬಂದಿರುವುದು ಸೂರ್ಯಕಾಂತಿ ಮತ್ತು ಶೇಂಗಾ ಎಣ್ಣೆ. ಅಂದಹಾಗೆ, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಬಿಸಿ ಹುಟ್ಟಿ ತಾನೇ ಹೊತ್ತಿಕೊಳ್ಳುವ ಅಪಾಯ ಇದೆ. ಹರಡಿ ಒಣಗಿಸಿ.

ಇಲ್ಲಿ ಕರಾವಳಿಯವರು ಜಗಳಕ್ಕೆ ಬರುತ್ತಾರೆ. ನಮ್ಮ ಎದುರುಮನೆಯ ಅತ್ತೆ ಕುಂದಾಪುರದ ಕಡೆಯವರು. "ನಮ್ಮ ಅಜ್ಜಿ ಕಾಲದಿಂದ ತೆಂಗಿನೆಣ್ಣೆಯೇ ಹಾಕಿದ್ದು ಮಾರಾಯ್ತಿ, ನೀರು ದೋಸೆ ಕಾಗದದ ಹಾಗೆ ಏಳ್ತದೆ" ಅನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ. ತೆಂಗಿನೆಣ್ಣೆಯಲ್ಲೂ ಒಂದಿಷ್ಟು ಜೋಡಿ ಬಂಧ ಇದ್ದೇ ಇದೆ. ದಿನಾ ಬಿಡದೆ ದೋಸೆ ಹುಯ್ಯುವ ಮನೆಯಲ್ಲಿ ವರ್ಷಗಟ್ಟಲೆ ಸೇರಿ ಪದರ ಕಟ್ಟುತ್ತದೆ. ಹೊಸ ಕಾವಲಿಯನ್ನು ಈ ವಾರ ಬಳಕೆಗೆ ತರಬೇಕು ಅನ್ನುವವರಿಗೆ ಮಾತ್ರ ಅದು ಆಗಿಬರುವುದಿಲ್ಲ.

ಆದರೆ ತೆಂಗಿನೆಣ್ಣೆಯ ಇದೇ ಗುಣ ಮಳೆಗಾಲದಲ್ಲಿ ನನಗೆ ಉಪಯೋಗಕ್ಕೆ ಬರುತ್ತದೆ. ಜೂನ್ ಬಂತೆಂದರೆ ನಮ್ಮೂರಲ್ಲಿ ಗೋಡೆಯೂ ಬೆವರುತ್ತದೆ. ಒದ್ದೆ ಬಿಟ್ಟ ಕಾವಲಿಯಲ್ಲಿ ಬೆಳಗಾಗುವಷ್ಟರಲ್ಲಿ ಕೆಂಪು ಚುಕ್ಕೆ ಕಾಣಿಸುತ್ತದೆ. ಎತ್ತಿಡುವ ಕಾವಲಿಗೆ ಸೂರ್ಯಕಾಂತಿ ಎಣ್ಣೆ ಸವರಿದರೆ ತಿಂಗಳೆರಡು ತಿಂಗಳಲ್ಲಿ ಗಾಳಿಗೇ ಅರೆಗಟ್ಟಿಯಾಗಿ ಅಂಟಂಟಾಗುತ್ತದೆ, ಕಮಟು ವಾಸನೆಯೂ ಬರುತ್ತದೆ. ತೆಂಗಿನೆಣ್ಣೆ ಹಾಗಲ್ಲ. ಅಷ್ಟು ಬೇಗ ಕೆಡುವುದಿಲ್ಲ, ಅಂಟಾಗುವುದಿಲ್ಲ. ಹಾಗಾಗಿ ಪಳಗಿಸಲು ಒಂದು ಎಣ್ಣೆ, ಎತ್ತಿಡಲು ಇನ್ನೊಂದು. ಎತ್ತಿಡುವಾಗ ಮುಚ್ಚಳ ಹಾಕುವುದಿಲ್ಲ, ಪ್ಲಾಸ್ಟಿಕ್ ಸುತ್ತುವುದಿಲ್ಲ. ಒಂದರ ಮೇಲೊಂದು ಇಡುವುದಾದರೆ ನಡುವೆ ಹಳೇ ಪೇಪರ್.

ಸೋಪು ಮುಟ್ಟಿಸಬಾರದು ಅಂತ ಹೇಳುವವರು ಬಹಳ. ಗಟ್ಟಿಯಾದ ಪದರಕ್ಕೆ ಈಗಿನ ಪಾತ್ರೆ ಸೋಪಿನಿಂದ ಏನೂ ಆಗುವುದಿಲ್ಲ. ಅದು ಕರಗಿಸುವುದು ಇನ್ನೂ ಎಣ್ಣೆಯಾಗೇ ಉಳಿದಿರುವ ಜಿಡ್ಡನ್ನು. ಪದರವನ್ನು ನಿಜವಾಗಿ ಕೀಳುವುದು ಕಾಸ್ಟಿಕ್ ಸೋಡಾದಂಥ ಬಲವಾದ ಕ್ಷಾರ. ಪಾತ್ರೆ ತೊಳೆಯುವ ಮೆಷಿನ್ನಿಗೆ ಬೀಡು ಹಾಕಬೇಡಿ ಅನ್ನುವುದೂ ಅದಕ್ಕೇ. ಅದರ ಪುಡಿ ಕ್ಷಾರ, ಜೊತೆಗೆ ಗಂಟೆಗಟ್ಟಲೆ ಬಿಸಿನೀರು. ಹಾಗಂತ ದಿನಾ ಸೋಪು ಹಾಕಬೇಕಾಗಿಯೂ ಇಲ್ಲ. ದೋಸೆ ಆದ ಮೇಲೆ ಬೆಚ್ಚಗಿರುವಾಗ ಬಿಸಿನೀರು, ನಾರು, ಒಣ ಬಟ್ಟೆ, ಎರಡು ನಿಮಿಷ ಉರಿ. ಸೀದದ್ದು ಅಂಟಿದ್ದರೆ ಒಂದು ಹಿಡಿ ಕಲ್ಲುಪ್ಪು ಹಾಕಿ ಉಜ್ಜಿದರೆ ಬಿಡುತ್ತದೆ.

ಹುಳಿಯ ವಿಷಯ ಹಾಗಲ್ಲ. ಹುಣಸೆ, ಟೊಮೆಟೊ, ಮುರುಗಲು ಹಾಕಿ ಕುದಿಸಿದರೆ ಆಮ್ಲ ಪದರದ ಸಂದುಗಳಲ್ಲಿ ಇಳಿದು ಕಬ್ಬಿಣವನ್ನು ಕರಗಿಸುತ್ತದೆ. ಗೊಜ್ಜು ಕಪ್ಪಾಗುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ. ದೋಸೆ ಹಿಟ್ಟೂ ಹುಳಿಯೇ, ಆದರೆ ಅದು ಕಾವಲಿಯ ಮೇಲಿರುವುದು ಒಂದೆರಡು ನಿಮಿಷ. ಕಬ್ಬಿಣದ ಪಾತ್ರೆಯಿಂದ ಮೈಗೆ ಕಬ್ಬಿಣ ಸಿಗುವುದು ನಿಜ. ಇಥಿಯೋಪಿಯಾದ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಿದ್ದು ಉಂಡವರಿಗಿಂತ ಕಬ್ಬಿಣದ ಪಾತ್ರೆಯದ್ದು ಉಂಡ ಮಕ್ಕಳಲ್ಲಿ ರಕ್ತಹೀನತೆ ಕಡಿಮೆ ಇತ್ತು. ಆದರೆ ಚೆನ್ನಾಗಿ ಪಳಗಿದ ಕಾವಲಿಯ ದೋಸೆ ತಿಂದು ರಕ್ತ ಹೆಚ್ಚಿಸಿಕೊಳ್ಳುತ್ತೇನೆ ಅನ್ನುವುದು ಸ್ವಲ್ಪ ಜಾಸ್ತಿ ಆಸೆ. ಪದರ ಗಟ್ಟಿಯಾದಷ್ಟೂ ಹೊರಗೆ ಬರುವ ಕಬ್ಬಿಣ ಕಡಿಮೆ.

ಚಪಾತಿಗೂ ದೋಸೆಗೂ ಒಂದೇ ಕಾವಲಿ ಇಟ್ಟುಕೊಳ್ಳುವುದು ನನಗೆ ಆಗದ ಮಾತು. ಚಪಾತಿಗೆ ಕಾವಲಿಯನ್ನು ಒಣಗೇ, ಜೋರಾಗಿ ಕಾಯಿಸುತ್ತೇವೆ. ಉದುರಿದ ಹಿಟ್ಟು ಸೀಯುತ್ತದೆ. ಬಿಸಿ ಮಿತಿ ಮೀರಿದರೆ ಪದರವೇ ಸುಟ್ಟು ಬೂದಿಯಾಗಿ, ನಡುವೆ ಬೂದು ಬಣ್ಣದ ವೃತ್ತ ಬೀಳುತ್ತದೆ. ಮರುದಿನ ಅದೇ ಜಾಗದಲ್ಲಿ ದೋಸೆ ಕಚ್ಚಿಕೊಳ್ಳುತ್ತದೆ.

ಇನ್ನು ದೋಸೆ ಹುಯ್ಯುವಾಗಿನ ಹದ. ನೀರು ಚಿಮುಕಿಸಿದಾಗ ಹನಿ ಚುರ್ ಅಂತ ಆರಿದರೆ ಉದ್ದಿನ ದೋಸೆಗೆ ಸರಿ. ಹನಿ ಆರದೆ, ಮುತ್ತಿನಂತೆ ಉಂಡೆಯಾಗಿ ಓಡಾಡಿದರೆ ಕಾವಲಿ ಅತಿಯಾಗಿ ಕಾದಿದೆ. ಹನಿಯ ಕೆಳಗೆ ಆವಿಯ ಪದರ ಹುಟ್ಟಿ ಅದನ್ನು ಎತ್ತಿಹಿಡಿದಿರುತ್ತದೆ. ಆಗ ಹಿಟ್ಟು ಹರಡಲು ಹೋದರೆ ಸೌಟಿನ ಜೊತೆಗೇ ಎದ್ದು ಬರುತ್ತದೆ. ಹೋಟೆಲಿನಲ್ಲಿ ದೊಡ್ಡ ಕಾವಲಿಗೆ ನೀರು ಎರಚಿ ಪೊರಕೆಯಲ್ಲಿ ಗುಡಿಸುವುದು ಸುಮ್ನೆ ಅಲ್ಲ. ಕಾವೂ ಇಳಿಯುತ್ತದೆ, ಸೀದ ಚೂರುಗಳೂ ಹೋಗುತ್ತವೆ. ಮನೆಯಲ್ಲಿ ಅದೇ ಕೆಲಸ ಮಾಡುವುದು ಅರ್ಧ ಈರುಳ್ಳಿ. ಅದರ ರಸ ಕಾವು ಇಳಿಸುತ್ತದೆ, ಅದರ ಮೈ ಎಣ್ಣೆಯನ್ನು ತೆಳ್ಳಗೆ ಸವರುತ್ತದೆ. ಈರುಳ್ಳಿಯಲ್ಲಿ ಬೇರೆ ಮಂತ್ರ ಇದೆ ಅಂತ ನನಗೆ ಅನ್ನಿಸಿಲ್ಲ. ಬದನೆಕಾಯಿ ತೊಟ್ಟೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ದೋಸೆ, ತೆಳ್ಳೇವಿಗೆ ಮಾತ್ರ ಕಾವು ಜಾಸ್ತಿಯೇ ಬೇಕು.

ಪಡ್ಡಿನ ಹಂಚು ಎಲ್ಲಕ್ಕಿಂತ ಹಠಮಾರಿ. ಗುಳಿಯ ತಳದಲ್ಲಿ ಎಣ್ಣೆ ತಾನಾಗಿ ಬಂದು ನಿಲ್ಲುತ್ತದೆ, ಅಲ್ಲೇ ಅಂಟು ಕಟ್ಟುತ್ತದೆ. ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಒಂದೊಂದೇ ಗುಳಿ ಒರೆಸುತ್ತೇನೆ, ಬೋರಲು ಹಾಕಿಯೇ ಕಾಯಿಸುತ್ತೇನೆ. ಕಾದ ಮೇಲೆ ಒಮ್ಮೆ ಇಳಿಸಿ, ದಪ್ಪ ಬಟ್ಟೆ ಹಿಡಿದು ಮತ್ತೆ ಒರೆಸಬೇಕು. ಬಿಸಿಗೆ ಎಣ್ಣೆ ತೆಳುವಾಗಿ ಹನಿಗೂಡುವುದು ಆಗಲೇ.

ತುಕ್ಕು ಹಿಡಿದ ಹಳೇ ಕಾವಲಿ ಸಿಕ್ಕರೆ ಎಸೆಯಬೇಡಿ. ಮೇಲಿನ ತುಕ್ಕಿಗೆ ಹುಣಸೆಹಣ್ಣು, ಉಪ್ಪು ಸಾಕು. ಜಾಸ್ತಿ ಇದ್ದರೆ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಉಜ್ಜಿ, ನೋಡಿ, ಬೇಕಾದರೆ ಮತ್ತೆ ನೆನೆಸಿ. ರಾತ್ರಿಯಿಡೀ ಬಿಟ್ಟರೆ ಆಮ್ಲ ತುಕ್ಕು ಮುಗಿಸಿ ಬೀಡನ್ನೇ ತಿನ್ನಲು ಶುರು ಮಾಡುತ್ತದೆ. ಹಳೇ ಕರಿ ಕಿಟ್ಟ ಹೋಗಲಿ ಅಂತ ಧಗಧಗ ಬೆಂಕಿಗೆ ಎಸೆಯುವವರಿದ್ದಾರೆ. ಬೇಡ. ಒಂದು ಕಡೆ ಕೆಂಪಗೆ ಕಾದು ಇನ್ನೊಂದು ಕಡೆ ತಣ್ಣಗಿದ್ದರೆ ಬೀಡು ಡೊಂಕಾಗುತ್ತದೆ ಅಥವಾ ಬಿರಿಯುತ್ತದೆ. ಬೀಡಿನಲ್ಲಿ ನೂರಕ್ಕೆ 2ರಿಂದ 4 ಭಾಗ ಇಂಗಾಲ ಇರುತ್ತದೆ. ಅದು ಗ್ರಾಫೈಟ್ ಪದರಗಳಾಗಿ ಒಳಗೆಲ್ಲ ಹರಡಿರುವುದರಿಂದ ಬಿರುಕು ಸಾಗಲು ದಾರಿ ಸಿದ್ಧವಾಗೇ ಇರುತ್ತದೆ. ಕಾದ ಕಾವಲಿಯನ್ನು ನಲ್ಲಿ ಕೆಳಗೆ ಹಿಡಿಯಬಾರದು, ಇಂಡಕ್ಷನ್ ಒಲೆಯಲ್ಲಿ ಒಮ್ಮೆಲೇ ಪೂರ್ತಿ ಏರಿಸಬಾರದು ಅನ್ನುವುದೂ ಇದೇ ಕಾರಣಕ್ಕೆ.

ಗುಜರಿಯಲ್ಲಿ ಕೊಳ್ಳುವವರಿಗೆ ಒಂದು ಮಾತು. ಹಳೇ ಕಾವಲಿ ಕಂಡರೆ ಸಾಕು, ಗುಜರಿಯವರು "ಭದ್ರಾವತಿ ಬೀಡು, ಈಗ ಸಿಗಲ್ಲ" ಅನ್ನುತ್ತಾರೆ. ಭದ್ರಾವತಿಯಲ್ಲಿ 1923ರಲ್ಲಿ ಸೌದೆ ಇದ್ದಿಲಿನ ಕುಲುಮೆಯಿಂದ ಬೀಡು ತೆಗೆಯಲು ಶುರು ಮಾಡಿದ್ದು ಹೌದು. ಆದರೆ ಗುಜರಿಯ ಕಾವಲಿಗೆ ಜಾತಕ ಇರುವುದಿಲ್ಲ. ಅದರ ಬದಲು ಸಮ ನೆಲದ ಮೇಲಿಟ್ಟು ಒತ್ತಿ, ಅಲ್ಲಾಡುತ್ತದೆಯೇ ನೋಡಿ. ಹಿಡಿಯನ್ನು ಎರಡೇ ಬೆರಳಲ್ಲಿ ಎತ್ತಿ, ಮಗುಚುವ ಕೈಯಿಂದ ಅಂಚಿಗೆ ಮೆಲ್ಲಗೆ ಬಡಿಯಿರಿ. ಗಂಟೆಯಂತೆ ದನಿ ಎಳೆದರೆ ಕೊಳ್ಳಿ. ದಡ್ ಅಂತ ಸತ್ತ ಸದ್ದು ಬಂದರೆ ಎಲ್ಲೋ ಬಿರುಕಿದೆ. ಬೀಡನ್ನು ಬೆಸೆಯುವುದು ಸುಲಭದ ಕೆಲಸವಲ್ಲ, ಬೆಸೆದ ಜಾಗದಲ್ಲಿ ದೋಸೆಯೂ ಏಳುವುದಿಲ್ಲ. ತೂಕದ ಲೆಕ್ಕದಲ್ಲಿ ಎಷ್ಟೇ ಅಗ್ಗ ಸಿಕ್ಕರೂ ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.