ಗೂಟ ಕಿತ್ತು ಗೂಟ ನೆಟ್ಟ ಕಥೆ

ಜಮೀನು ನಮ್ಮದಾಗುವ ಮೊದಲೇ ಮನೆಯ ಜಾಗ ಗೊತ್ತಾಗಿಬಿಟ್ಟಿತ್ತು. ಗುಡ್ಡದ ನೆತ್ತಿ. ಮೊದಲ ದಿನ ಮೇಲೆ ಹತ್ತಿ ಸುತ್ತ ಒಂದು ಸಲ ನೋಡಿದ ಇವರು, "ಇಲ್ಲೇ ಕಣೇ ಮನೆ" ಅಂದುಬಿಟ್ಟರು. ನಾನೂ ಹೂಂ ಅಂದೆ. ಆ ನೋಟ ನೋಡಿದರೆ ಯಾರಾದರೂ ಹೂಂ ಅನ್ನಲೇಬೇಕು.

ಅದಾಗಿ ಒಂದೂವರೆ ವರ್ಷವಾಯಿತು. ಪಾಯ ಇನ್ನೂ ತೋಡಿಲ್ಲ. ಮನೆಯ ಮೂಲೆ ಗುರುತಿಗೆ ನೆಟ್ಟ ಗೂಟಗಳು ಈಗ ಮೂರನೇ ಜಾಗದಲ್ಲಿವೆ. ಸಿಕ್ಕವರೆಲ್ಲ "ಮನೆ ಎಲ್ಲಿಗೆ ಬಂತು?" ಅಂತ ಕೇಳುತ್ತಾರೆ. ಅವರು ಕೇಳುವುದು ಕೆಲಸ ಎಲ್ಲಿಗೆ ಬಂತು ಅಂತ. ನಮ್ಮ ಮನೆ ಮಾತ್ರ ನಿಜವಾಗಿಯೂ ಗುಡ್ಡದಿಂದ ಇಳಿದು ಇಳಿದು ಬರುತ್ತಿದೆ.

ನಾವಿಬ್ಬರೂ ಇಂಜಿನಿಯರ್‌ಗಳಲ್ಲ. ರಜೆ ಸಿಕ್ಕಾಗ ಹೋಗಿ ಗಿಡಗಂಟಿ ಸವರಿ, ದಾರಿ ಮಾಡಿ, ಗುಂಡಿ ತೋಡಿ ಕಲಿತವರು. ಆದ್ದರಿಂದ ಇದನ್ನು ಸಲಹೆ ಅಂತ ಓದಬೇಡಿ. ನಮಗೆ ಆಗಿದ್ದು ಹೀಗೆ, ಅಷ್ಟೇ.

ನೆತ್ತಿಯ ಜಾಗ ಕೈಬಿಟ್ಟಿದ್ದು ಒಂದೇ ದಿನದಲ್ಲಲ್ಲ. ಮೊದಲು ಅನುಮಾನ ಬಂದಿದ್ದು ನನಗೆ, ಅದೂ ತಲೆಯ ಮೇಲೆ ನೀರಿನ ಕೊಡ ಇದ್ದಾಗ. ಎರಡು ರಾತ್ರಿ ಮೇಲೆ ಟೆಂಟ್ ಹಾಕಿ ಮಲಗೋಣ ಅಂತ ಹೋಗಿದ್ದೆವು. ಕೆಳಗಿನಿಂದ ನೀರು ಹೊತ್ತು ನಾಲ್ಕನೇ ಸಲ ಹತ್ತುವಾಗ, ಈ ಮನೆಗೆ ಮುಂದೆ ನೀರು, ಸಿಮೆಂಟು, ಮರಳು, ವಯಸ್ಸಾದ ಮೇಲೆ ನಾವು, ಎಲ್ಲವೂ ಹೀಗೇ ಹತ್ತಿ ಬರಬೇಕಲ್ಲ ಅನ್ನಿಸಿತು. ಅವತ್ತು ರಾತ್ರಿ ಗಾಳಿ ಬೀಸಿದ್ದಕ್ಕೆ ಟೆಂಟಿನ ಮೇಲಿನ ಟಾರ್ಪಾಲು ಹಾರಿ ಹೋಗಿ ಬೇಲಿಯಲ್ಲಿ ಸಿಕ್ಕಿಕೊಂಡಿತು. ಬೆಳಿಗ್ಗೆ ಇವರು ಅದನ್ನು ಬಿಡಿಸುತ್ತಾ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಕೆಲವು ಸಲ ಸುಮ್ನಿರುವುದೇ ಜಾಸ್ತಿ ಕೆಲಸ ಮಾಡುತ್ತದೆ.

ಆಮೇಲೆ ಅಳತೆ ಶುರು ಮಾಡಿದೆವು. ಗಾರೆ ಕೆಲಸದವರು ಬಳಸುವ ಮಟ್ಟದ ಪೈಪು ಗೊತ್ತಲ್ವಾ, ಒಳಗಿನ ನೀರು ಕಾಣುವ ಆ ಸಾದಾ ಪೈಪು. ಅದೊಂದು, ಎರಡು ಅಳತೆ ಕೋಲು, ಒಂದು ಟೇಪು. ಕೆಳಗಿನ ದಾರಿಯಿಂದ ನೆತ್ತಿಯವರೆಗೆ ಹಂತ ಹಂತವಾಗಿ ಎತ್ತರ ಅಳೆಯುತ್ತಾ ಹೋದೆವು. ಮೊದಲ ದಿನ ಒಂದು ಅಳತೆಗೂ ಇನ್ನೊಂದಕ್ಕೂ ತಾಳಮೇಳವೇ ಇಲ್ಲ. ಪೈಪಿನಲ್ಲಿ ಗಾಳಿ ಗುಳ್ಳೆ ಇದೆ ಅಂತ ಇವರು, ಕೋಲು ನೆಟ್ಟಗೆ ಹಿಡಿದಿಲ್ಲ ಅಂತ ನಾನು. ಅರ್ಧ ಗಂಟೆ ಜಗಳ ಆದ ಮೇಲೆ ನೋಡಿದರೆ, ನೀರು ಚೆಲ್ಲಬಾರದು ಅಂತ ಇವರು ಪೈಪಿನ ಬಾಯಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದೇ ಇದ್ದರು! ಎರಡೂ ಬಾಯಿ ತೆರೆದಿದ್ದರೆ ಮಾತ್ರ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ಬರುತ್ತದೆ. ಒಂದು ಕಡೆ ಮುಚ್ಚಿದರೆ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ.

ಕೊನೆಗೆ ಬಂದ ಲೆಕ್ಕ ಇದು. ನೇರ ದೂರ 200 ಅಡಿ, ಏರು 36 ಅಡಿ. ಅಂದರೆ ನೂರಕ್ಕೆ ಹದಿನೆಂಟು. ಒಣ ನೆಲದಲ್ಲಿ ಗಾಡಿ ಹತ್ತಬಹುದು. ಒದ್ದೆ ಮಣ್ಣಿನಲ್ಲಿ, ಅದೂ ಜಲ್ಲಿ ತುಂಬಿಕೊಂಡು, ಸಾಧ್ಯವಿಲ್ಲ. ಏರನ್ನು ನೂರಕ್ಕೆ ಹತ್ತಕ್ಕೆ ಇಳಿಸಬೇಕಾದರೆ ದಾರಿ 360 ಅಡಿ ಆಗಬೇಕು, ಅಂದರೆ ಗುಡ್ಡದ ಮೈಯನ್ನು ಕೊರೆದು ಅಡ್ಡಡ್ಡ ತಿರುವು ಹಾಕಬೇಕು. ನಾವು ಬಂದಿದ್ದೇ ಆ ಗುಡ್ಡ ಚೆನ್ನಾಗಿದೆ ಅಂತ. ನೆತ್ತಿಯ ಮೇಲೆ ಕೂತು ನೋಡುವುದಕ್ಕೋಸ್ಕರ ಅದರ ಹೊಟ್ಟೆ ಸೀಳುವುದು ಇಬ್ಬರಿಗೂ ಇಷ್ಟವಾಗಲಿಲ್ಲ. ಇವರು ಒಂದು ವಾರ ಮುಖ ಸಪ್ಪೆ ಮಾಡಿಕೊಂಡಿದ್ದರು. ಆಮೇಲೆ ತಾವೇ ಹೋಗಿ ಗೂಟ ಕಿತ್ತುಕೊಂಡು ಬಂದರು.

ಎರಡನೇ ಜಾಗ ಗುಡ್ಡದ ನಡುವೆ ಇದ್ದ ಸಮತಟ್ಟು. ನೋಡಿದವರೆಲ್ಲ ಮೆಚ್ಚಿದರು. ಮಟ್ಟ ಮಾಡುವ ಖರ್ಚೇ ಇಲ್ಲ, ಬಿರು ಬೇಸಿಗೆಯಲ್ಲೂ ಹಸಿರು ಹುಲ್ಲು. ಈ ಹಸಿರು ಇಲ್ಲಿ ಮಾತ್ರ ಯಾಕೆ ಅಂತ ನಾವು ಅವತ್ತೇ ಕೇಳಿಕೊಳ್ಳಬೇಕಿತ್ತು. ಅದು ಜೇಕಿನ ಹುಲ್ಲು. ನೀರು ನಿಲ್ಲುವ ಕಡೆ ಬೆಳೆಯುವಂಥದ್ದು. ಗೊತ್ತಿದ್ದವರು ಹುಲ್ಲು ನೋಡಿಯೇ ಹೇಳುತ್ತಿದ್ದರು. ನಾವು ಗುಂಡಿ ತೋಡಿ ತಿಳಿದುಕೊಂಡೆವು.

ಗುಂಡಿ ತೋಡಿದ್ದು ಶೌಚದ ನೀರು ಇಂಗುತ್ತದೋ ಇಲ್ಲವೋ ನೋಡುವುದಕ್ಕೆ. ಅದು ಸುಲಭದ ಪರೀಕ್ಷೆ. ಇಂಗುಗುಂಡಿ ಬರುವ ಕಡೆ, ಅದರ ತಳ ಎಷ್ಟು ಆಳಕ್ಕೆ ಹೋಗುತ್ತದೋ ಅಲ್ಲಿಯವರೆಗೆ ಅಗೆದು, ತಳದಲ್ಲಿ ಒಂದಡಿಯ ಸಣ್ಣ ಕುಳಿ ಮಾಡಿ, ರಾತ್ರಿಯಿಡೀ ನೀರು ನಿಲ್ಲಿಸಿ ಮಣ್ಣು ಕುಡಿಯುವಷ್ಟು ಕುಡಿಯಲಿ ಅಂತ ಬಿಟ್ಟು, ಮಾರನೇ ದಿನ ಮತ್ತೆ ನೀರು ಹಾಕಿ ಒಂದು ಇಂಚು ಇಳಿಯಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ಹಿಡಿದು ಕೂರುವುದು. ನೆನೆಸದೆ ಒಣ ಮಣ್ಣಿನಲ್ಲಿ ನೋಡಿದರೆ ಎಲ್ಲ ನೆಲವೂ ಚೆನ್ನಾಗಿಯೇ ಕುಡಿಯುತ್ತದೆ, ಮೋಸ ಹೋಗುತ್ತೀರಿ. ನಾವು ಎರಡು ಗಂಟೆ ಕೂತೆವು. ಅರ್ಧ ಇಂಚೂ ಇಳಿಯಲಿಲ್ಲ. ಗಂಟೆಗೆ ಒಂದು ಇಂಚೂ ಇಳಿಯದ ಮಣ್ಣಿನಲ್ಲಿ ಇಂಗುಗುಂಡಿಯನ್ನು ನಂಬುವ ಹಾಗಿಲ್ಲ.

ಅಗೆದ ಗೋಡೆ ನೋಡಿದೆವು. ಬೂದು ಬಣ್ಣದ ಮಣ್ಣು, ನಡುನಡುವೆ ತುಕ್ಕಿನಂಥ ಕೆಂಪು ಚುಕ್ಕೆ. ಇದು ವರ್ಷದಲ್ಲಿ ಕೆಲವು ತಿಂಗಳು ನೀರಿನಲ್ಲೇ ಮುಳುಗಿರುವ ಮಣ್ಣಿನ ಗುರುತು. ಗಾಳಿ ಸಿಗದಿದ್ದಾಗ ಮಣ್ಣಿನ ಕಬ್ಬಿಣ ಬಣ್ಣ ಬಿಟ್ಟು ಬೂದಾಗುತ್ತದೆ, ಗಾಳಿ ಸಿಕ್ಕಿದಲ್ಲಿ ತುಕ್ಕು ಹಿಡಿಯುತ್ತದೆ. ಬೇಸಿಗೆಯಲ್ಲಿ ಒಣಗಿದ್ದರೂ ಮಣ್ಣು ತನ್ನ ಮಳೆಗಾಲವನ್ನು ಮರೆತಿರುವುದಿಲ್ಲ.

ಸರಿ, ಆ ತುದಿ ಬೇಡ, ಕೆಳಗಿನ ಅಂಚಿಗೆ ಸರಿಸೋಣ ಅಂತ ಅಲ್ಲೊಂದು ಗುಂಡಿ ತೋಡಿದೆವು. ನಾಲ್ಕು ಅಡಿ ಆಳದಲ್ಲಿ ಪ್ಲಾಸ್ಟಿಕ್ ಚೀಲದ ಚೂರು ಸಿಕ್ಕಿತು! ಆಗ ಇಡೀ ವಿಷಯ ಹೊಳೆಯಿತು. ಈ ಸಮತಟ್ಟು ಹುಟ್ಟಿನಿಂದ ಬಂದಿದ್ದಲ್ಲ. ಹಿಂದೆ ಯಾರೋ ಮೇಲಿನ ಇಳಿಜಾರು ಕಡಿದು, ಆ ಮಣ್ಣನ್ನು ಕೆಳಗೆ ತಳ್ಳಿ ಮಟ್ಟ ಮಾಡಿದ್ದಾರೆ. ಕಡಿದ ಕಡೆ ಗುಡ್ಡದೊಳಗಿನ ನೀರು ಹೊರಗೆ ಜಿನುಗುತ್ತಿದೆ, ತುಂಬಿದ ಕಡೆ ಸಡಿಲ ಮಣ್ಣು ಕೂತಿದೆ. ನಮ್ಮ ಗೂಟ ಎರಡರ ಮೇಲೂ ಇತ್ತು. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ನಿಂತರೆ ಒಂದು ಕಡೆ ಕುಸಿಯುತ್ತದೆ, ಇನ್ನೊಂದು ಕುಸಿಯುವುದಿಲ್ಲ, ನಡುವಿನ ಗೋಡೆ ಬಿರುಕು ಬಿಡುತ್ತದೆ. ತುಂಬಿದ ಮಣ್ಣು ದಾಟಿ ಆಳದ ಪಾಯ ಹಾಕಬಹುದು ಅಂತ ಮೇಸ್ತ್ರಿ ಹೇಳಿದರು. ಹಾಕಬಹುದು. ಆದರೆ ಇಷ್ಟು ಜಮೀನು ಇಟ್ಟುಕೊಂಡು ಅದಕ್ಕೇ ಯಾಕೆ ಜೋತು ಬೀಳಬೇಕು?

ಗೂಟ ಮತ್ತೆ ಕೈಯಲ್ಲಿ.

ಈ ನಡುವೆ ಜಮೀನು ಹದ ಮಾಡುವ ಕೆಲಸ ನಡೆದೇ ಇತ್ತು. ಅದರಲ್ಲಿ ನಾವು ಮಾಡಿದ ದೊಡ್ಡ ತಪ್ಪು ಹೇಳಲೇಬೇಕು. ಪೊದೆ ಸವರಲು ಜೆಸಿಬಿ ತರಿಸಿದೆವು. ಒಂದೇ ದಿನದಲ್ಲಿ ಅರ್ಧ ಇಳಿಜಾರು ಬೋಳು. ಸಂಜೆ ನೋಡಿ ಎಷ್ಟು ಖುಷಿ ಪಟ್ಟೆವು ಅಂದರೆ, ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದೆವು. ಮೂರು ವಾರಕ್ಕೆ ಮಳೆ ಬಂತು. ಬೇರು ಸಮೇತ ಕಿತ್ತ ನೆಲ, ಹಿಡಿದುಕೊಳ್ಳಲು ಏನೂ ಇಲ್ಲ. ಮೇಲ್ಮಣ್ಣು ಕೊಚ್ಚಿಕೊಂಡು ಹೋಗಿ ಮೊಣಕಾಲುದ್ದದ ಕೊರಕಲು ಬಿತ್ತು. ಯಂತ್ರದ ಚಕ್ರ ಓಡಾಡಿದ ಕಡೆ ಮಣ್ಣು ಎಷ್ಟು ಬಿಗಿದಿತ್ತು ಅಂದರೆ ಇವತ್ತಿಗೂ ಅಲ್ಲಿ ಹುಲ್ಲು ಸರಿಯಾಗಿ ಬಂದಿಲ್ಲ. ಅದು ಸಾಲದು ಅಂತ, ಅಗೆದ ಮಣ್ಣನ್ನು ಒಂದು ದೊಡ್ಡ ಮರದ ಬುಡಕ್ಕೆ ಪೇರಿಸಿದ್ದೆವು, ಮರಕ್ಕೆ ಒಳ್ಳೆಯದೇ ಅಂದುಕೊಂಡು. ಬೇರಿಗೂ ಉಸಿರಾಡಲು ಗಾಳಿ ಬೇಕು. ಎಲೆ ಹಳದಿಗೆ ತಿರುಗಿದ ಮೇಲೆ ಎರಡು ದಿನ ಸಲಿಕೆ ಹಿಡಿದು ಎಲ್ಲ ತೆಗೆದೆವು. ಮರ ಉಳಿಯಿತು.

ಉಳಿದ ಅರ್ಧವನ್ನು ಕೈಯಲ್ಲೇ ಮಾಡಿದೆವು. ಪೂರ್ತಿ ಬೋಳು ಮಾಡಲಿಲ್ಲ. ಒಂದು ಪಟ್ಟಿ ಸವರುವುದು, ಒಂದು ಪಟ್ಟಿ ಬಿಡುವುದು, ಇಳಿಜಾರಿಗೆ ಅಡ್ಡವಾಗಿ. ಬೇರು ಕೀಳದೆ ನೆಲದ ಮಟ್ಟಕ್ಕೆ ಕತ್ತರಿಸಿ, ಕತ್ತರಿಸಿದ್ದನ್ನು ಅಲ್ಲೇ ಅಡ್ಡಕ್ಕೆ ಹಾಸಿದೆವು. ಚಿಗುರಿದರೆ ಮತ್ತೆ ಸವರುವುದು, ಮೂರ್ನಾಲ್ಕು ಸಲಕ್ಕೆ ಅದರ ಜೋರು ಇಳಿಯುತ್ತದೆ. ಸಮಮಟ್ಟದ ಗೆರೆ ಹಿಡಿಯಲು ಮೂರು ಕೋಲು ಕಟ್ಟಿ ಇಂಗ್ಲಿಷಿನ 'ಎ' ಅಕ್ಷರದ ಹಾಗೆ ಮಾಡಿ, ತಲೆಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆವು. ಅದರ ಎರಡು ಕಾಲೂ ಒಂದೇ ಮಟ್ಟದಲ್ಲಿದ್ದರೆ ದಾರ ಅಡ್ಡಕೋಲಿನ ಗುರುತಿನ ಮೇಲೆ ನಿಲ್ಲುತ್ತದೆ. ಇದರಲ್ಲಿ ಜಗಳವೇ ಬರಲಿಲ್ಲ, ಯಾಕೆಂದರೆ ಒಬ್ಬರೇ ಹಿಡಿಯಬಹುದು.

ದಾರಿಯ ಕಥೆಯೂ ಹಾಗೇ. ಹಳ್ಳ ದಾಟುವ ಕಡೆ ಪೈಪು ಹಾಕಿ ಮೇಲೆ ಮಣ್ಣು ಮುಚ್ಚಿದ್ದೆವು. ಮೊದಲ ಜೋರು ಮಳೆಗೆ ಎಲೆ ಕಡ್ಡಿ ಬಂದು ಪೈಪಿನ ಬಾಯಿ ಕಟ್ಟಿತು, ನೀರು ದಾರಿ ಹತ್ತಿ ಅಷ್ಟೂ ಮಣ್ಣನ್ನು ಒಯ್ದಿತು. ಈಗ ಅಲ್ಲಿ ಪೈಪೇ ಇಲ್ಲ. ದಾರಿಯನ್ನೇ ಅಗಲವಾಗಿ ತಗ್ಗು ಮಾಡಿ ಕಲ್ಲು ಹಾಸಿದ್ದೇವೆ. ನೀರು ಬಂದರೆ ಮೇಲೇ ಹರಿಯುತ್ತದೆ, ಗಾಡಿ ನಿಧಾನಕ್ಕೆ ದಾಟುತ್ತದೆ. ಜೋರು ಮಳೆಯಲ್ಲಿ ಒಂದೆರಡು ಗಂಟೆ ಕಾಯಬೇಕು. ಕಟ್ಟಿಕೊಳ್ಳುವ ಪೈಪಿಗಿಂತ ಇದೇ ವಾಸಿ.

ಮೂರನೇ ಜಾಗವನ್ನು ನಾವು ಹುಡುಕಲಿಲ್ಲ. ಅಲ್ಲೇ ದಿನಾ ಕೂರುತ್ತಿದ್ದೆವು. ದಾರಿ ಬಂದು ಮುಟ್ಟುವ ಕಡೆ, ಕಲ್ಲು ಗುಡ್ಡೆ ಹಾಕಿ, ಹಾರೆ ಸಲಿಕೆ ಇಡಲು ತಗಡಿನ ಚಪ್ಪರ ಹಾಕಿಕೊಂಡಿದ್ದೆವಲ್ಲ, ಅದೇ ಕುರುಚಲು ಜಾಗ. ಒಂದು ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ನಾನೇ ಕೇಳಿದೆ.

"ರೀ, ಬಿಸಿಲು ಜಾಸ್ತಿಯಾದರೆ ನಾವು ಎಲ್ಲಿ ಬಂದು ಕೂರುತ್ತೇವೆ?"

"ಇಲ್ಲೇ."

"ಗಾಳಿ ಜೋರಾದರೆ?"

"ಇಲ್ಲೇ. ಯಾಕೆ?" ಅಂದವರು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದರು. "ಈ ಕಲ್ಲು ಗುಡ್ಡೆ ಹತ್ತಿರವಾ?"

ಚೆಂದದ ಜಾಗದಲ್ಲಿ ಮನೆ ಕಟ್ಟಿದರೆ ಆ ಚೆಂದ ಮನೆಯ ಅಡಿಗೆ ಹೋಗುತ್ತದೆ. ಕಲ್ಲುಗುಡ್ಡೆ ಇರುವ ಕಡೆ ಕಟ್ಟಿದರೆ ಹೋಗುವುದು ಕಲ್ಲುಗುಡ್ಡೆ ಮಾತ್ರ. ನಾನು ವಾದ ಮಾಡಿದ್ದು ಇಷ್ಟೇ. ಉಳಿದಿದ್ದನ್ನು ಗುಂಡಿ ಹೇಳಿತು. ಐದು ಅಡಿಯವರೆಗೆ ಜಲ್ಲಿ ಬೆರೆತ ಗಟ್ಟಿ ಮಣ್ಣು, ಮೇಲಿಂದ ಕೆಳಗೆ ಒಂದೇ ಬಣ್ಣ. ಸೀಸೆಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಟ್ಟೆ. ಮರಳು ಒಂದು ನಿಮಿಷದೊಳಗೆ ತಳಕ್ಕೆ ಕೂತಿತು, ಅದೇ ಅರ್ಧಕ್ಕಿಂತ ಜಾಸ್ತಿ. ಮಾರನೇ ದಿನ ಕೂತ ಜೇಡಿ ಒಂದು ತೆಳು ಪದರ. ಜೇಡಿ ಜಾಸ್ತಿಯಿದ್ದರೆ ಮಣ್ಣು ಒದ್ದೆಯಾದಾಗ ಉಬ್ಬಿ ಒಣಗಿದಾಗ ಬಿರಿಯುತ್ತದೆ, ಪಾಯಕ್ಕೆ ಅದು ತಲೆನೋವು. ನೀರು ಇಂಗುವ ಪರೀಕ್ಷೆಯಲ್ಲಿ ಒಂದು ಇಂಚು ಒಂಬತ್ತು ನಿಮಿಷದಲ್ಲಿ ಇಳಿಯಿತು. ಬೋರ್‌ವೆಲ್ಲಿಗೂ ಇಂಗುಗುಂಡಿಗೂ 30 ಮೀಟರ್ ಅಂತರ ಸಿಗುತ್ತದೆ, ಬೋರ್‌ವೆಲ್ ಮೇಲ್ಗಡೆಯೂ ಇರುತ್ತದೆ.

ಆದರೂ ತಕ್ಷಣ ಒಪ್ಪಲಿಲ್ಲ. ಎರಡು ಸಲ ಕೈ ಸುಟ್ಟುಕೊಂಡವರು ನಾವು. ಒಂದು ಪೂರ್ತಿ ಮಳೆಗಾಲ ಕಾದೆವು. ಮಳೆ ಬರುವಾಗಲೇ ಕೊಡೆ ಹಿಡಿದು ಸುತ್ತುವುದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ನೋಡಿ ಸಣ್ಣ ಗೂಟಕ್ಕೆ ನೀಲಿ ಬಟ್ಟೆ ಕಟ್ಟಿ ನೆಡುವುದು. ಮಳೆ ನಿಂತ ಮೇಲೆ ಹೋದರೆ ಅರ್ಧ ಕಥೆ ತಪ್ಪುತ್ತದೆ. ನೆರಳಿಗೆ ಬೇರೆ ಗೂಟ, ಪ್ರತಿ ತಿಂಗಳು ಸಂಜೆ ಹೊತ್ತು ಸೂರ್ಯ ಎಲ್ಲಿ ಮುಳುಗಿದ ಅಂತ ನೋಡಿ. ವರ್ಷದಲ್ಲಿ ಸೂರ್ಯ ಇಷ್ಟು ಸರಿದಾಡುತ್ತಾನೆ ಅಂತ ಪುಸ್ತಕದಲ್ಲಿ ಓದಿದ್ದೆ, ಗೂಟದ ಸಾಲು ನೋಡಿದ ಮೇಲೆ ನಂಬಿದೆ. ಪಡಸಾಲೆ ಎದುರಿಗೆ ಬರಬೇಕಿದ್ದ ದೊಡ್ಡ ಕಿಟಕಿ ಅದರಿಂದಲೇ ಪಕ್ಕಕ್ಕೆ ಹೋಯಿತು.

ನೆತ್ತಿ ವ್ಯರ್ಥವಾಗಲಿಲ್ಲ. ನೀರಿನ ತೊಟ್ಟಿ ಅಲ್ಲಿಗೆ ಹೋಗುತ್ತದೆ. ಮನೆಯ ನಲ್ಲಿಗಿಂತ ಸುಮಾರು 26 ಅಡಿ ಮೇಲೆ. ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಅನ್ನುವ ಲೆಕ್ಕದಲ್ಲಿ ನಮಗೆ 0.8 ಬಾರ್ ಸಿಗುತ್ತದೆ, ಸ್ನಾನಕ್ಕೆ ಸಾಕು. ಚಾವಣಿ ನೀರಿಗೆ ಕೆಳಗೆ ಇನ್ನೊಂದು ತೊಟ್ಟಿ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. 100 ಚದರ ಮೀಟರ್ ಚಾವಣಿಗೆ 50 ಮಿಲಿಮೀಟರ್ ಬಿದ್ದರೆ 5000 ಲೀಟರ್. ಒಂದಿಷ್ಟು ಚೆಲ್ಲಿ ಹೋಗುತ್ತದೆ, ಇರಲಿ.

ಕಳೆದ ತಿಂಗಳು ಹಗ್ಗ ಕಟ್ಟಿ ಕೋಣೆಗಳನ್ನು ನೆಲದ ಮೇಲೆ ಬರೆದೆವು. ಮೂಲೆ ನೇರ ಬರಲು 3, 4, 5ರ ಲೆಕ್ಕ: ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ, ಎರಡರ ನಡುವೆ 5 ಅಡಿ ಬಂದರೆ ಮೂಲೆ ಸರಿ. ದೊಡ್ಡ ಅಳತೆಗೆ 6, 8, 10 ಹಿಡಿದರೆ ತಪ್ಪು ಕಡಿಮೆ. ಹಗ್ಗದೊಳಗೆ ನಿಂತಾಗ ಕೋಣೆ ಎಷ್ಟು ಸಣ್ಣದಾಗಿ ಕಂಡಿತು ಅಂದರೆ, ಗಾಬರಿಯಾಗಿ ಎಲ್ಲವನ್ನೂ ಎರಡೆರಡು ಅಡಿ ಹಿಗ್ಗಿಸಿದೆವು. ಬಾಡಿಗೆ ಮನೆಗೆ ಬಂದು ನಮ್ಮ ಕೋಣೆ ಅಳೆದರೆ ಅದು ಹಗ್ಗದ ಕೋಣೆಗಿಂತ ಸಣ್ಣದು. ಆಕಾಶದ ಕೆಳಗೆ ಎಲ್ಲವೂ ಸಣ್ಣದಾಗಿಯೇ ಕಾಣುತ್ತದೆ. ಮುಂದಿನ ವಾರ ಹೋಗಿ ಕುಗ್ಗಿಸಿದೆವು.

ಈಗ ಒಂದೇ ತಕರಾರು ಉಳಿದಿದೆ. ಅಡುಗೆಮನೆ ಮೂಲೆಯ ಗೂಟ ಆ ಬದುಕಿದ ಮರದ ಕೊಂಬೆಗಳ ನೆರಳಿನೊಳಗೆ ಬೀಳುತ್ತದೆ, ಬೇರು ಅಲ್ಲಿಯವರೆಗೂ ಬಂದಿರುತ್ತದೆ. ಆರು ಅಡಿ ಈಚೆಗೆ ಸರಿಸಬೇಕು ಅಂತ ನಾನು, ಸರಿಸಿದರೆ ನೀಲಿ ಬಟ್ಟೆಯ ಗೂಟಕ್ಕೆ ಹತ್ತಿರವಾಗುತ್ತದೆ ಅಂತ ಇವರು. ಭಾನುವಾರ ಪೈಪು ತಗೊಂಡು ಹೋಗುತ್ತಿದ್ದೇವೆ. ಬಾಯಿ ಮುಚ್ಚಬೇಡಿ ಅಂತ ಈಗಲೇ ಹೇಳಿದ್ದೇನೆ, ಪೈಪಿಂದು.