ಇಳಿಯುವ ದಾರಿಗೆ ಮೂರು ಮಳೆಗಾಲ

ಬೆಟ್ಟದ ಹೆಸರನ್ನು ಬರೆಯುವುದಿಲ್ಲ. ಅಲ್ಲಿ ಹುಲ್ಲು ಈಗಷ್ಟೇ ಬೇರು ಹಿಡಿಯುತ್ತಿದೆ, ಇನ್ನೂ ಹತ್ತಾರು ಜೋಡಿ ಕಾಲುಗಳನ್ನು ಅದು ತಾಳಿಕೊಳ್ಳಲಾರದು. ರಾಮನಗರದ ಸುತ್ತಲಿನ ಹೆಬ್ಬಂಡೆಗಳಲ್ಲಿ ಒಂದು ಎಂದರೆ ಸಾಕು. ಇಪ್ಪತ್ತು ವರ್ಷಗಳ ಹಿಂದೆ ನಾನು ಮೊದಲ ಸಲ ಅದನ್ನು ಹತ್ತಿದಾಗ ಹಿಂಬದಿಯ ಇಳಿಜಾರಿನಲ್ಲಿ ಇದ್ದದ್ದು ಒಂದು ಪಾದದಷ್ಟು ಅಗಲದ ಮೇಕೆಗಳ ಜಾಡು. ಎದೆಯೆತ್ತರದ ಬಾದೆ ಹುಲ್ಲನ್ನು ಎರಡೂ ಕೈಗಳಿಂದ ಸರಿಸುತ್ತ ಇಳಿದದ್ದು ನೆನಪಿದೆ. 2021ರ ಕೊನೆಯಲ್ಲಿ ಅದೇ ಜಾಡಿನಲ್ಲಿ ನಿಂತಾಗ ಎರಡೂ ಬದಿಯ ಮಣ್ಣು ನನ್ನ ಮೊಣಕಾಲಿನ ಎತ್ತರಕ್ಕಿತ್ತು. ಬಸರಿ ಮರವೊಂದರ ಬೇರುಗಳು ಹೊರಬಿದ್ದು ಗಾಳಿಯಲ್ಲಿ ನೇತಾಡುತ್ತಿದ್ದವು. ಕೊರಕಲು ಜಾರುತ್ತದೆಂದು ಜನ ಪಕ್ಕದ ಹುಲ್ಲಿನ ಮೇಲೆ ನಡೆದಿದ್ದರು. ಅಲ್ಲಿಯೂ ಹುಲ್ಲು ಸತ್ತು, ಒಂದು ಜಾಡು ನಾಲ್ಕಾಗಿತ್ತು. ಆ ನಾಲ್ಕರಲ್ಲಿಯೂ ನಾನು ನಡೆದಿದ್ದೆ.

ಬಂಡೆ ಹತ್ತುವವರು ಸಂಜೆ ಚಹಾ ಕುಡಿಯುತ್ತ ಮಾತನಾಡುವುದೆಲ್ಲ ಮೇಲಕ್ಕೆ ಹೋದ ದಾರಿಯ ಬಗ್ಗೆ. ಯಾವ ಬಿರುಕಿನಲ್ಲಿ ಬೆರಳು ನಿಂತಿತು, ಹಗ್ಗ ಸಿಕ್ಕಿಸಲು ಬಂಡೆಗೆ ಕೊರೆದು ಕೂರಿಸಿದ ಯಾವ ಬೋಲ್ಟ್ ಕೈಗೆ ಸಿಗದಷ್ಟು ದೂರವಿತ್ತು ಎಂಬುದೇ ಮಾತು. ಇಳಿದದ್ದು ಯಾರ ಲೆಕ್ಕದಲ್ಲಿಯೂ ಇರುವುದಿಲ್ಲ. ಬೆಟ್ಟಕ್ಕೆ ಪೆಟ್ಟು ಬೀಳುವುದು ಮಾತ್ರ ಆಗಲೇ. ಹತ್ತುವಾಗ ಗಟ್ಟಿ ಕಲ್ಲಿನ ಮೇಲಿರುತ್ತೇವೆ. ಇಳಿಯುವಾಗ ದಣಿದ ಕಾಲು, ಬೆನ್ನ ಮೇಲೆ ಹಗ್ಗದ ಭಾರ, ಕಾಲಡಿಗೆ ಸಡಿಲ ಮಣ್ಣು. ಹಿಮ್ಮಡಿ ಊರಿ ಜಾರಿಕೊಂಡೇ ಬರುತ್ತೇವೆ. ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ದೂರದ ಊರು, 2023ರಲ್ಲಿ ಮೈಸೂರಿನ ದಶಪಥ ಹೆದ್ದಾರಿ ಬೇರೆ ತೆರೆಯಿತು. ಭಾನುವಾರ ಬೆಳಿಗ್ಗೆ ಅಲ್ಲಿ ಹಗ್ಗ ಕಟ್ಟಲು ಜಾಗಕ್ಕಾಗಿ ಕಾಯಬೇಕಾಗುತ್ತದೆ.

ಈ ಬೆಟ್ಟಗಳ ಕಲ್ಲು ಸವೆಯುವುದಿಲ್ಲ ಎಂದೇ ಹೇಳಬಹುದು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು, ಭೂವಿಜ್ಞಾನಿಗಳು ಇಲ್ಲಿನ ಶಿಲೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದಕ್ಕೆ ಸುಮಾರು 250 ಕೋಟಿ ವರ್ಷ ವಯಸ್ಸು. ಆದರೆ ಬಂಡೆಗಳ ಸಂದಿಯಲ್ಲಿ ಕುಳಿತಿರುವ ಮಣ್ಣು ತೆಳುವಾದದ್ದು. ಗ್ರಾನೈಟ್ ಉದುರಿ ಆದ ಆ ಗರಸು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗದೆ ಸುರಿದುಹೋಗುತ್ತದೆ. ಹುಲ್ಲಿನ ಬೇರೊಂದೇ ಅದನ್ನು ಹಿಡಿದಿಟ್ಟಿರುತ್ತದೆ. ಇನ್ನು ನೀರಿನ ಲೆಕ್ಕ ಹಾಕಿ ನೋಡಿ. ಬರಿಯ ಬಂಡೆ ನೀರನ್ನು ಹೀರುವುದಿಲ್ಲ. ಒಂದು ಗುಂಟೆ ಬಂಡೆಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಒಂದು ಸಾವಿರ ಲೀಟರ್ ನೀರು ಕೆಳಗಿಳಿಯಬೇಕು. ನಮ್ಮ ಕೊರಕಲಿನ ಮೇಲ್ಗಡೆ ಇದ್ದದ್ದು ಎಕರೆಗಟ್ಟಲೆ ಬಂಡೆ.

ಈ ಲೆಕ್ಕ ನನಗೆ ಹೊಳೆದದ್ದು ತಡವಾಗಿ. 2022ರ ಬೇಸಿಗೆಯಲ್ಲಿ ಅನುಮತಿ ಪಡೆದು ನಾವು ಏಳು ಮಂದಿ ಮಾಡಿದ ಮೊದಲ ಕೆಲಸ ಕೊರಕಲಿನೊಳಗೆ ಮೆಟ್ಟಿಲು ಕಟ್ಟಿದ್ದು. ನಾಲ್ಕು ಭಾನುವಾರ ಕಲ್ಲು ಹೊತ್ತು, ಒಂದರ ಮೇಲೊಂದು ಜೋಡಿಸಿ, ಸಂದಿಗೆ ಮಣ್ಣು ತುಂಬಿದೆವು. ನೋಡಲು ಬಹಳ ಚೆನ್ನಾಗಿತ್ತು. ಆಗಸ್ಟ್ ಕೊನೆಯಲ್ಲಿ ರಾಮನಗರದ ಹೆದ್ದಾರಿಯೇ ಮುಳುಗಿದ ಆ ಮಳೆ ಬಂತು. ವಾರ ಬಿಟ್ಟು ಹೋಗಿ ನೋಡಿದರೆ ನಮ್ಮ ಮೆಟ್ಟಿಲ ಕಲ್ಲುಗಳು ಬೆಟ್ಟದ ಬುಡದಲ್ಲಿ ಗುಡ್ಡೆ ಬಿದ್ದಿದ್ದವು. ಮೆಟ್ಟಿಲಿದ್ದ ಕಡೆ ಕೊರಕಲು ಮೊದಲಿಗಿಂತ ಆಳವಾಗಿತ್ತು. ನನಗೆ ತೀರಾ ಬೇಸರವಾಯಿತು, ಏಕೆಂದರೆ ಆ ಹೆಚ್ಚಿನ ಆಳ ನಮ್ಮ ಕೈಯಿಂದಲೇ ಆದದ್ದು.

ಅಲ್ಲಿ ಮೇಕೆ ಮೇಯಿಸುವ ಹಿರಿಯರೊಬ್ಬರು ಬಂಡೆಯ ಮೇಲೆ ಕುಳಿತು ನಮ್ಮನ್ನು ನೋಡುತ್ತಿದ್ದರು. ನಾನು ಹೋಗಿ, "ಏನಜ್ಜಾ, ಇಷ್ಟು ಕಷ್ಟಪಟ್ಟು ಕಟ್ಟಿದ್ದೆಲ್ಲ ಹೋಯಿತಲ್ಲ" ಎಂದೆ.

"ನೀರು ಎಲ್ಲಿಂದ ಬರುತ್ತದೆ ಎಂದು ಮೇಲೆ ಹೋಗಿ ನೋಡಿದ್ದೀರಾ ಸ್ವಾಮಿ?" ಎಂದು ಕೇಳಿದರು.

ನೋಡಿರಲಿಲ್ಲ. ಅವರೇ ಕರೆದುಕೊಂಡು ಹೋಗಿ ತೋರಿಸಿದರು. ನೆತ್ತಿಯಿಂದ ಇಳಿಯುವ ನೀರು ಬಂಡೆಯ ಮೇಲೆ ಕಪ್ಪು ಗೆರೆ ಬಿಡಿಸಿತ್ತು. ಆ ಗೆರೆ ನೇರವಾಗಿ ನಮ್ಮ ಕೊರಕಲಿನ ಬಾಯಿಗೆ ಬಂದು ನಿಂತಿತ್ತು. ಅಲ್ಲಿಂದ ಎಡಕ್ಕೆ ಹದಿನೈದು ಹೆಜ್ಜೆ ದೂರದಲ್ಲಿ ಬರಿಯ ಕಲ್ಲಿನ ಇನ್ನೊಂದು ಇಳುಕಲು ಇತ್ತು. ನೀರು ಅತ್ತ ಹೋದರೆ ಯಾವ ಮಣ್ಣೂ ಅದರ ದಾರಿಗೆ ಸಿಗುವುದಿಲ್ಲ. ತಮ್ಮ ಹೊಲಕ್ಕೆ ಬದು ಹಾಕುವವರಿಗೆ ಇದು ದಿನನಿತ್ಯದ ತಿಳಿವಳಿಕೆ. ನಾವು ಮಾತ್ರ ಗಾಯವನ್ನೇ ನೋಡುತ್ತ ನಿಂತಿದ್ದೆವು.

ಆಮೇಲಿನ ಕೆಲಸ ಮೇಲಿನಿಂದ ಶುರುವಾಯಿತು. ಕೊರಕಲಿನ ಬಾಯಿಗಿಂತ ಮೇಲೆ ದೊಡ್ಡ ಕಲ್ಲುಗಳನ್ನು ಓರೆಯಾಗಿ ಹೂತು, ಅವುಗಳ ಮೇಲ್ಬದಿಗೆ ಒಂದು ಬಸಿಗಾಲುವೆ ತೋಡಿ, ನೀರನ್ನು ಎಡಗಡೆಯ ಕಲ್ಲಿನ ಇಳುಕಲಿಗೆ ತಿರುಗಿಸಿದೆವು. ಕಲ್ಲನ್ನು ಮೂರರಲ್ಲಿ ಎರಡು ಪಾಲು ನೆಲದೊಳಗೆ ಹೂಳಬೇಕು. ಮೇಲೆ ಇಟ್ಟ ಕಲ್ಲು ಒಂದೇ ಮಳೆಗೆ ಉರುಳುತ್ತದೆ ಎಂಬುದಕ್ಕೆ ನಮ್ಮ ಮೆಟ್ಟಿಲುಗಳೇ ಸಾಕ್ಷಿ. ದಾರಿಗೆ ನೇರ ಅಡ್ಡವಾಗಿ ಇಟ್ಟರೂ ಆಗದು. ಹಿಂದೆ ಗರಸು ತುಂಬಿಕೊಂಡು, ನೀರು ಕಲ್ಲನ್ನು ಹಾರಿ ಕೆಳಗೆ ಗುಂಡಿ ತೋಡುತ್ತದೆ. ಓರೆಯಾಗಿದ್ದರೆ ನೀರು ತಾನೇ ಪಕ್ಕಕ್ಕೆ ಹೊರಳಿ, ಕಾಲುವೆಯನ್ನೂ ಸ್ವಲ್ಪ ಮಟ್ಟಿಗೆ ತೊಳೆದುಕೊಂಡು ಹೋಗುತ್ತದೆ. ಕೊರಕಲಿನ ಒಳಗೂ ಇಂಥ ಓರೆ ಅಡ್ಡಗಲ್ಲುಗಳನ್ನು ಹೂತೆವು. ಇಳಿಜಾರು ಕಡಿದಾದ ಕಡೆ ಹತ್ತಿರ ಹತ್ತಿರ, ಸಮತಟ್ಟಾದ ಕಡೆ ದೂರ ದೂರ.

ನೀರಿಗೆ ಬೇರೆ ದಾರಿ ಸಿಕ್ಕಿತು, ಕಾಲುಗಳಿಗೆ ಇನ್ನೂ ಸಿಕ್ಕಿರಲಿಲ್ಲ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರಿಗೆ ಹಗ್ಗದಲ್ಲಿ ಇಳಿಯುವುದು, ಅಂದರೆ ರಾಪೆಲ್ ಮಾಡುವುದು, ಗೊತ್ತಿತ್ತು. ಆದರೂ ಅವರು ನಡೆದೇ ಇಳಿಯುತ್ತಿದ್ದರು, ಏಕೆಂದರೆ ಮೇಲೆ ಹಗ್ಗ ಕಟ್ಟಲು ಇದ್ದದ್ದು ಒಂದು ಮರ ಮಾತ್ರ. ಆ ಮರವನ್ನು ನೋಡಿದರೆ ಸಂಕಟವಾಗುತ್ತಿತ್ತು. ಕಾಂಡಕ್ಕೆ ಹಗ್ಗ ಸುತ್ತಿ, ಇಳಿದ ಮೇಲೆ ಕೆಳಗಿನಿಂದ ಎಳೆದುಕೊಂಡಾಗಲೆಲ್ಲ ತೊಗಟೆ ಗರಗಸದಲ್ಲಿ ಕೊಯ್ದಂತೆ ತೆಗೆದುಹೋಗಿತ್ತು. ಸುತ್ತಲೂ ತೊಗಟೆ ಹೋದ ಮರ ಬದುಕುವುದಿಲ್ಲ. ನಮ್ಮ ಮರಕ್ಕೆ ಒಂದು ಅಂಗೈ ಅಗಲದ ತೊಗಟೆ ಉಳಿದಿತ್ತು.

ಹೀಗಾಗಿ ಬೋಲ್ಟ್ ಹಾಕಲು ತೀರ್ಮಾನಿಸಿದೆವು. ಇದನ್ನು ಎಲ್ಲಿ ಬೇಕಾದರೂ ಮಾಡುವಂತಿಲ್ಲ. ಪಕ್ಕದ ರಾಮದೇವರಬೆಟ್ಟ 2012ರಿಂದ ರಣಹದ್ದುಗಳ ಧಾಮ. ಹದ್ದು ಗೂಡು ಕಟ್ಟುವ ಕಡಿದಾದ ಬಂಡೆಯಲ್ಲಿ ಹಗ್ಗ ಇಳಿಬಿಡುವುದು ಸಲ್ಲದು. ನಮ್ಮ ಬಂಡೆಯಲ್ಲಿ ನೋಡಬೇಕಾದದ್ದು ಹೆಜ್ಜೇನು. ಗೂಡು ಖಾಲಿಯಾದರೂ ಕಲ್ಲಿನ ಮೇಲೆ ಅದರ ಗುರುತು ಉಳಿದಿರುತ್ತದೆ, ಹುಳುಗಳು ಅದೇ ಜಾಗಕ್ಕೆ ಮರಳಿ ಬರುತ್ತವೆ. ಅಂಥ ಗುರುತುಗಳಿರುವ ಬದಿಯನ್ನು ಪೂರ್ತಿಯಾಗಿ ಬಿಟ್ಟೆವು.

ಬಂಡೆಯ ಎತ್ತರ ಸುಮಾರು 55 ಮೀಟರ್. ಬಹುಪಾಲು ಜನರ ಬಳಿ ಇರುವುದು 60 ಮೀಟರ್ ಹಗ್ಗ, ಇಳಿದ ಮೇಲೆ ಕೆಳಗಿನಿಂದ ಎಳೆದುಕೊಳ್ಳಲು ಅದನ್ನು ನಡುವೆ ಮಡಚಿದರೆ 30 ಮೀಟರ್ ಸಿಗುತ್ತದೆ. ಆದ್ದರಿಂದ ಎರಡು ಹಂತಗಳಲ್ಲಿ ಇಳಿಯಬೇಕು, ನಡುವೆ ನಿಲ್ಲಲು ಒಂದು ಚಾಚು ಬೇಕು. ಅಂಥ ಚಾಚು 27 ಮೀಟರಿನಲ್ಲಿ ಸಿಕ್ಕಿತು. ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳಿದೆವು. ಗಟ್ಟಿ ಕಲ್ಲು ಕಣಕಣ ಎನ್ನುತ್ತದೆ, ಪದರ ಬಿಟ್ಟ ಕಲ್ಲು ಖಾಲಿ ಮಡಕೆಯಂತೆ ಬೊದ್ದಾಗಿ ಸದ್ದು ಮಾಡುತ್ತದೆ. ಪ್ರತಿ ಹಂತಕ್ಕೂ ಎರಡೆರಡು 12 ಮಿಲಿಮೀಟರ್ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್, ಹಗ್ಗ ಸಲೀಸಾಗಿ ಜಾರಲು ಉಂಗುರಗಳು. ರಂಧ್ರದ ಪುಡಿಯನ್ನು ಬ್ರಷ್‌ನಿಂದ ಉಜ್ಜಿ ಊದಿ, ಮತ್ತೆ ಉಜ್ಜಿ ಊದಿ ತೆಗೆಯಬೇಕು. ಈ ಬೇಸರದ ಕೆಲಸದಲ್ಲಿ ಅವಸರ ಮಾಡಿದವರ ಬೋಲ್ಟ್ ನಂಬುವಂಥದ್ದಲ್ಲ.

ಇಲ್ಲಿಯೂ ಒಂದು ತಪ್ಪು ಮಾಡಿದೆವು. ಮೊದಲ ಜೋಡಿ ಬೋಲ್ಟ್‌ಗಳನ್ನು ಬಂಡೆಯ ಅಂಚಿನ ಹಿಂದೆ, ನಿಂತು ಹಗ್ಗ ಕಟ್ಟಲು ಅನುಕೂಲವಾಗುವ ಕಡೆ ಹಾಕಿದೆವು. ಹಗ್ಗ ಎಳೆದಾಗ ಅದು ಅಂಚಿನ ಗರಸನ್ನು ಸವರಿಕೊಂಡು ಬರುತ್ತಿತ್ತು. ಮೂರನೇ ವಾರ ನಿಂಬೆಹಣ್ಣಿನ ಗಾತ್ರದ ಕಲ್ಲೊಂದು ಉರುಳಿ, ಕೆಳಗೆ ಬಿಲೇ, ಅಂದರೆ ಹತ್ತುವವರ ಕಾವಲಿನ ಹಗ್ಗ, ಹಿಡಿದಿದ್ದ ಹುಡುಗಿಯ ಹೆಲ್ಮೆಟ್‌ಗೆ ಬಡಿಯಿತು. ಆಕೆಗೆ ಏನೂ ಆಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಬೋಲ್ಟ್‌ಗಳು ಜನ ಹತ್ತುವ ಮಾರ್ಗದ ನೇರ ಮೇಲಿವೆ ಎಂಬುದನ್ನು ನಾವು ಯೋಚಿಸಿಯೇ ಇರಲಿಲ್ಲ. ಆ ಬೋಲ್ಟ್‌ಗಳನ್ನು ತೆಗೆದು, ರಂಧ್ರ ಮುಚ್ಚಿ, ಹತ್ತು ಮೀಟರ್ ಬಲಕ್ಕೆ, ಅಂಚಿಗಿಂತ ಎರಡು ಮೀಟರ್ ಕೆಳಗೆ, ಯಾರೂ ಹತ್ತದ ಬೋಳು ಮುಖದಲ್ಲಿ ಹೊಸದಾಗಿ ಹಾಕಿದೆವು. ಈಗ ಹಗ್ಗ ಮಣ್ಣನ್ನು ಮುಟ್ಟುವುದಿಲ್ಲ. ಅಲ್ಲಿಗೆ ಇಳಿದು ತಲುಪುವವರೆಗೆ ಆಸರೆ ಬೇಕೆಂದು ಮೇಲೊಂದು ಬೋಲ್ಟ್ ಹೆಚ್ಚಿಗೆ ಇದೆ.

ಹಗ್ಗದಲ್ಲಿ ಇಳಿಯುವುದೇ ಎಲ್ಲೆಡೆ ಒಳ್ಳೆಯದು ಎಂದು ಇದನ್ನು ಓದಿ ಯಾರೂ ತಿಳಿಯಬಾರದು. ಇಂಗ್ಲೆಂಡಿನ ದಕ್ಷಿಣದಲ್ಲಿ ಹ್ಯಾರಿಸನ್ಸ್ ರಾಕ್ಸ್ ಎಂಬ ಮರಳುಗಲ್ಲಿನ ಸಾಲು ಇದೆ. ಕಲ್ಲು ಎಷ್ಟು ಮೆದುವೆಂದರೆ ಹಗ್ಗ ಉಜ್ಜಿದರೆ ಗಾಡಿಯ ಗೆರೆಯಂತೆ ಕುಳಿ ಬೀಳುತ್ತದೆ. ಅಲ್ಲಿ ಹಗ್ಗದಲ್ಲಿ ಇಳಿಯಬೇಡಿ, ಹತ್ತಿದ ಮೇಲೆ ನಡೆದು ಇಳಿಯಿರಿ ಎಂಬುದೇ ರೂಢಿ. ನಮ್ಮಲ್ಲಿ ಕಲ್ಲು ಗಟ್ಟಿ, ಮಣ್ಣು ಮೆದು. ಅಲ್ಲಿ ತಿರುವುಮುರುವು. ಬಾದಾಮಿಯ ಕೆಂಪು ಮರಳುಗಲ್ಲು ಅದಕ್ಕಿಂತ ಬಹಳ ಗಟ್ಟಿ, ಆದರೂ ಮಳೆ ಬಿದ್ದು ಒದ್ದೆಯಾದ ಮರುದಿನ ಅಲ್ಲಿ ಹಗ್ಗ ಬಿಚ್ಚುವುದು ನನಗೆ ಒಪ್ಪಿಗೆಯಿಲ್ಲ. ನೆನೆದ ಮರಳುಗಲ್ಲಿನ ಹಿಡಿಗಳು ಮುರಿದುಬರುತ್ತವೆ.

ಹೊಸಬರ ಪ್ರಶ್ನೆ ಉಳಿಯಿತು. ದಣಿದ ಕೈಗಳಲ್ಲಿ ರಾಪೆಲ್ ಮಾಡುವಾಗ ಆಗುವ ಅಪಘಾತಗಳು ನಮ್ಮ ಬಳಗದ ಎಲ್ಲರಿಗೂ ಗೊತ್ತು. ಹಗ್ಗದ ತುದಿಗೆ ಗಂಟು ಹಾಕಲು ಮರೆಯುವುದು, ಎರಡು ತುದಿಗಳು ಸಮವಿಲ್ಲದಿರುವುದು, ಇಷ್ಟು ಸಾಕು. ಮಣ್ಣು ಉಳಿಸಲು ಹೋಗಿ ಮನುಷ್ಯರನ್ನು ಕಳೆದುಕೊಳ್ಳಲಾಗದು. ಅವರಿಗಾಗಿ ನಡೆಯುವ ದಾರಿಯನ್ನು ಉಳಿಸಿಕೊಂಡೆವು, ಜಾಗ ಮಾತ್ರ ಬದಲಾಯಿಸಿದೆವು. ಕೊರಕಲನ್ನು ಬಿಟ್ಟು ಸಾಧ್ಯವಾದಷ್ಟು ಬರಿಯ ಬಂಡೆಯ ಮೇಲೆಯೇ ಸಾಗುವ, ಸುತ್ತು ಬಳಸಿನ ಒಂದು ಹಾದಿಯನ್ನು ಹುಡುಕಿ, ತಿರುವುಗಳಲ್ಲಿ ಸಣ್ಣ ಕಲ್ಲುಗುಡ್ಡೆ ಇಟ್ಟೆವು. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಮಳೆ ಬಂದಾಗ ಆ ಬಂಡೆ ಜಾರುತ್ತದೆ. ಆ ದಿನ ಹೊಸಬರನ್ನು ಮೇಲಕ್ಕೆ ಕರೆದೊಯ್ಯುವುದೇ ಇಲ್ಲ.

ಹಳೆಯ ನಾಲ್ಕು ಜಾಡುಗಳ ಬಾಯಿಗೆ ಕಾರೆಮುಳ್ಳು ಮತ್ತು ಒಣಗಿದ ಲಂಟಾನ ಒಟ್ಟಿದೆವು. ಹೊಲಕ್ಕೆ ಬೇಲಿ ಹಾಕಿದಂತೆಯೇ. ಫಲಕಗಳಿಗಿಂತ ಮುಳ್ಳಿನ ಮಾತನ್ನು ಜನ ಬೇಗ ಕೇಳುತ್ತಾರೆ, ಬೆಟ್ಟದ ಅಂದವೂ ಕೆಡುವುದಿಲ್ಲ. 2023ರ ಜೂನ್‌ನಲ್ಲಿ ಪಕ್ಕದ ಇಳಿಜಾರಿನಿಂದಲೇ ಬಾದೆ ಹುಲ್ಲಿನ ಬುಡಗಳನ್ನು ಕಿತ್ತು ಕೊರಕಲಿನ ಅಂಚಿಗೆ ನೆಟ್ಟೆವು. ಆ ವರ್ಷ ರಾಜ್ಯಕ್ಕೇ ಬರ ಬಂತು. ಬೆನ್ನ ಮೇಲೆ ಕ್ಯಾನ್‌ಗಳಲ್ಲಿ ನೀರು ಹೊತ್ತು ಹಾಕಿದರೂ ಹೆಚ್ಚಿನವು ಒಣಗಿದವು. 2024ರಲ್ಲಿ ಮತ್ತೆ ನೆಟ್ಟೆವು, ಮಳೆ ಕೈಹಿಡಿಯಿತು.

ಕೆಲಸ ಶುರು ಮಾಡಿದಾಗ ಕೊರಕಲಿನ ಐದು ಕಡೆ ಕಬ್ಬಿಣದ ಗೂಟಗಳನ್ನು ನೆಲದ ಮಟ್ಟಕ್ಕೆ ಹೊಡೆದಿದ್ದೆ. 2022ರ ಮಳೆಯಲ್ಲಿ ಎರಡು ಕಿತ್ತುಹೋದವು, ಉಳಿದ ಮೂರು ಒಂದು ಗೇಣಿನಷ್ಟು ಹೊರಬಂದಿದ್ದವು. ಅವುಗಳನ್ನು ಮತ್ತೆ ಮಟ್ಟಕ್ಕೆ ಹೊಡೆದೆ. 2024ರ ಅಕ್ಟೋಬರ್ ಮಳೆ ಮುಗಿದ ಮೇಲೆ ಹೋಗಿ ನೋಡಿದಾಗ ಎರಡು ಇದ್ದಂತೆಯೇ ಇದ್ದವು. ಮೂರನೆಯದನ್ನು ಹುಡುಕಲು ಬಹಳ ಹೊತ್ತು ಹಿಡಿಯಿತು. ಅಡ್ಡಗಲ್ಲಿನ ಹಿಂದೆ ಗರಸು ತುಂಬಿ, ಗೂಟ ಎರಡು ಬೆರಳಿನಷ್ಟು ಆಳದಲ್ಲಿ ಹೂತುಹೋಗಿತ್ತು. ಅದರ ಪಕ್ಕದಲ್ಲಿ ಗರಿಕೆ ತಾನಾಗಿಯೇ ಹಬ್ಬಿತ್ತು.

ಈಗ ಉಳಿದಿರುವುದು ಬಂಡೆಯ ಬುಡ. ಹಗ್ಗದಲ್ಲಿ ಇಳಿಯುವವರೆಲ್ಲ ಒಂದೇ ಜಾಗದಲ್ಲಿ ಕಾಲೂರಿ, ಅಲ್ಲಿ ಹಗ್ಗ ಸುತ್ತಿ, ಚೀಲ ಕಟ್ಟುವುದರಿಂದ ಹಾಸಿಗೆಯಷ್ಟು ಅಗಲದ ನೆಲ ಬೋಳಾಗಿದೆ. ಕೊಚ್ಚಿಹೋದ ನಮ್ಮ ಮೆಟ್ಟಿಲ ಕಲ್ಲುಗಳು ಅಲ್ಲಿಯೇ ಪಕ್ಕದಲ್ಲಿ ಬಿದ್ದಿವೆ. ಚಪ್ಪಟೆಯಾದವನ್ನು ಆರಿಸಿ ಅಲ್ಲಿಗೆ ಹಾಸಬೇಕು, ಮೇ ತಿಂಗಳ ಗುಡುಗುಮಳೆ ಶುರುವಾಗುವುದಕ್ಕೆ ಮುಂಚೆ.